ನಾಲ್ಕನೇ ನಂಬರಿನ ಉಪವಾಸ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಧರ್ಮ, ಜಾತ್ಯತೀತತೆ ಎಂಬ ದೊಡ್ಡ ಮಾತುಗಳು ಬರುವ ಕಥೆ ಇದು. ಅದನ್ನು ಹೇಳುವಷ್ಟು ಓದು ನನಗಿಲ್ಲ. ಹೇಳುವಾಗ ಯಾರ ಮನಸ್ಸಿಗಾದರೂ ಚುಚ್ಚಿದರೆ ಆ ತಪ್ಪು ನನ್ನದು, ಮಂಗಲಾಳದ್ದಲ್ಲ. ಮಂಗಲಾಳ ತಪ್ಪು ಬೇರೆಯೇ ಇದೆ. ಅದೂ ಬರುತ್ತದೆ.

ತೊಂಬತ್ತೈದನೇ ಇಸವಿಯ ಜನವರಿ. ಚಿಕ್ಕೋಡಿಯಲ್ಲಿ ಕಾಲೇಜುಗಳ ಚರ್ಚಾಸ್ಪರ್ಧೆ. ವಿಷಯ, 'ಜಾತ್ಯತೀತತೆ ನಮ್ಮ ದೇಶಕ್ಕೆ ಅಗತ್ಯ'.

ಸ್ಪರ್ಧೆ ನಡೆಸುತ್ತಿದ್ದ ವಿರುಪಾಕ್ಷಪ್ಪ ಸರ್ ಅತಿ ನ್ಯಾಯವಂತರು. ಹೆಸರು ಕೇಳಿದರೆ ಜಾತಿ ತಿಳಿಯುತ್ತದೆ, ಜಾತಿ ತಿಳಿದರೆ ತೀರ್ಪುಗಾರರ ಪೆನ್ನು ವಾಲುತ್ತದೆ ಎಂದು ಅವರು ಯಾರ ಹೆಸರನ್ನೂ ಕೂಗಲಿಲ್ಲ. ಪ್ರತಿಯೊಬ್ಬರ ಎದೆಗೂ ಒಂದು ನಂಬರು ಅಂಟಿಸಿದರು. ಪರವಾಗಿ ಮಾತಾಡಬೇಕೋ ವಿರೋಧವಾಗಿಯೋ ಎಂಬುದನ್ನೂ ಚೀಟಿ ಎತ್ತಿಸಿಯೇ ತೀರ್ಮಾನಿಸಿದರು.

ಮಂಗಲ ಮೂರನೇ ನಂಬರು. ಅಕ್ಕೋಳದ ತಂಬಾಕು ವ್ಯಾಪಾರಿ ಭೀಮಗೊಂಡ ಪಾಟೀಲರ ಒಬ್ಬಳೇ ಮಗಳು, ತಾಯಿಯಿಲ್ಲದ ಜೈನರ ಹುಡುಗಿ. ಅವಳಿಗೆ 'ಪರ' ಬಂದಿತ್ತು.

"ಮುಸಲ್ಮಾನರೂ ನಮ್ಮಂತೆಯೇ ಮನುಷ್ಯರು. ಅವರಿಗೂ ನಗು ಬರುತ್ತದೆ, ಅಳು ಬರುತ್ತದೆ," ಎಂದು ಹೇಳುವಾಗ ಅವಳ ದನಿಯೇ ನಡುಗಿತು. ಹಿಂದಿನ ಸಾಲಿನಲ್ಲಿ ಒಬ್ಬರು ಆಕಳಿಸಿದರು.

ಆಮೇಲೆ ನಾಲ್ಕನೇ ನಂಬರು ಎದ್ದ.

ಎತ್ತರದ ಹುಡುಗ. ಸಣ್ಣ ಮೀಸೆ, ತೋಳು ಮಡಚಿದ ಬಿಳಿ ಅಂಗಿ. ಮೈಕಿನ ಮುಂದೆ ನಿಂತವನು ಒಂದು ಕ್ಷಣ ಸಭೆಯನ್ನು ನೋಡಿದ. ಮಂಗಲ ತನ್ನ ಹಾಳೆ ಮಡಚುವುದನ್ನು ಬಿಟ್ಟು ಅವನನ್ನೇ ನೋಡಿದಳು.

"ಅವರನ್ನು ನಂಬುವುದು ಹೇಗೆ?" ಎಂದು ಅವನು ಗುಡುಗಿದ. "ನಾವು ಮಲಗುವ ಗಾದಿಯನ್ನೂ ಅವರೇ ಹೊಲಿಯುತ್ತಾರೆ. ಒಳಗೆ ಏನು ತುಂಬಿದ್ದಾರೋ ಬಿಚ್ಚಿ ನೋಡಿದವರು ಯಾರು?"

ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಮಂಗಲಾಳ ತಂದೆ. ಮೊದಲ ಬಹುಮಾನದ ಕಪ್ ನಾಲ್ಕನೇ ನಂಬರಿಗೇ ಬಂತು, ಎರಡನೆಯದು ಮೂರನೇ ನಂಬರಿಗೆ.

ಇಷ್ಟು ಚೆಂದದ ದನಿ, ಇಷ್ಟು ಹೊಲಸು ಮಾತು... ಮಂಗಲಾಳಿಗೆ ತಡೆಯಲಾಗಲಿಲ್ಲ. ಪರದೆಯ ಹಿಂದೆ ಅವನನ್ನು ಅಡ್ಡಗಟ್ಟಿದಳು.

"ನಿಮಗ ಒಬ್ಬರಾದ್ರೂ ಮುಸಲ್ಮಾನರು ಗೊತ್ತದಾರೇನ್ರಿ?"

"ಗೊತ್ತದಾರ್ರಿ. ಮನ್ಯಾಗ ಆರು ಮಂದಿ ಅದಾರ. ನನ್ನೂ ಹಿಡದ್ರ ಏಳು."

ಮಂಗಲ ಅವನ ಎದೆಯ ಮೇಲೆ ಹೆಸರು ಹುಡುಕಿದಳು. ಬರೀ ನಾಲ್ಕು ಎಂದಿತ್ತು.

"ಚೀಟಿ ಎತ್ತಿದ್ನಿ, ವಿರೋಧ ಬಂತು. ಬಿಟ್ಟು ಹೋದ್ರ ಬಸ್ಸಿನ ಖರ್ಚು ಸುಮ್ಮನ ಹೊಕ್ಕತಿ ಅಂತ ಮಾತಾಡಿದ್ನಿ," ಎಂದ ಅವನು. "ನಿಮ್ಮ ಭಾಷಣಾನೂ ಛಲೋ ಇತ್ತ್ರಿ. ನಮಗೂ ಅಳು ಬರತೈತಿ ಅಂದ್ರಲ್ಲ, ಆಗ ಖರೇನ ಬರೂವಂಗ ಆಗಿತ್ತು."

"ಮತ್ತ... ಆ ಗಾದಿ ಮಾತು?"

"ನಮ್ಮಪ್ಪ ಚಿಂಚಲ್ಯಾಗ ಗಾದಿ ಹೊಲಿತಾನ್ರಿ. ನದಾಫರು ನಾವು. ಅವಂಗ ಗೊತ್ತಾದ್ರ ಹತ್ತಿ ಅರಳಿ ಬಡಿಯೂ ಬಿಲ್ಲು ತಗೊಂಡು ನನ್ನ ಬಡಿತಾನ."

ಅವಳಿಗೆ ನಗು ಬಂತು. ನಾಚಿಕೆಯೂ ಬಂತು. ಎರಡರಲ್ಲಿ ಯಾವುದನ್ನು ತಡೆಯಬೇಕೆಂದು ತಿಳಿಯುವ ಮೊದಲೇ ಭೀಮಗೊಂಡರು ಬಂದು ಆ ಹುಡುಗನ ಬೆನ್ನು ತಟ್ಟಿದರು.

"ಶಾಬ್ಬಾಸ ಪೋರಾ. ನಮ್ಮೆಲ್ಲಾರ ಎದಿಯಾಗಿದ್ದದ್ದು ತಗದು ಮುಂದಿಟ್ಟಿ. ಏನ್ ಹೆಸರು?"

ಬಾಬಾಲಾಲ ಎಂಬುದು ಅವನ ಪೂರ್ತಿ ಹೆಸರು. ಆದರೆ ಊರೆಲ್ಲ ಕರೆಯುವ ಹಾಗೆ "ಬಾಬು ಅಂತಾರ್ರಿ" ಎಂದುಬಿಟ್ಟ. ಉಳಿದದ್ದನ್ನು ಕೇಳಲು ಭೀಮಗೊಂಡರಿಗೆ ಪುರುಸೊತ್ತಿರಲಿಲ್ಲ.

"ನೀವಿಬ್ಬರೂ ಬೆಳಗಾವಿ ಸ್ಪರ್ಧೆಗೆ ಆರಿಸಿ ಬಂದೀರಿ. ಐತವಾರಕ್ಕೊಮ್ಮೆ ನಮ್ಮನಿಗೆ ಬಾ. ಕೂಡಿ ತಯಾರಿ ಮಾಡ್ರಿ. ನಮ್ಮ ಹುಡುಗಿಗೆ ಸ್ವಲ್ಪ ಬುದ್ಧಿ ಬರಲಿ."

ಬಾಬು ಮಂಗಲಾಳ ಮುಖ ನೋಡಿದ. ಆಗಲೇ ಅವಳು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನು ಇನ್ನೊಮ್ಮೆ ಕಾಣಬೇಕು ಎಂಬ ಆಸೆ ಬಾಯಿ ಕಟ್ಟಿತು... ಅವಳ ತಪ್ಪು ಅದೇ.

ಆ ರಾತ್ರಿ ಭೀಮಗೊಂಡರು ಮಲಗುವ ಮುಂಚೆ ತಮ್ಮ ಗಾದಿಯನ್ನು ಅಲ್ಲಲ್ಲಿ ಒತ್ತಿ ನೋಡಿದರು.

* * *

ಮೊದಲ ಭಾನುವಾರ ಬಾಬು ಅಕ್ಕೋಳಕ್ಕೆ ಬಂದಾಗ ರಮಜಾನ್ ತಿಂಗಳು ಶುರುವಾಗಿತ್ತು.

ಮನೆಯಲ್ಲಿ ಭೀಮಗೊಂಡರ ತಾಯಿ ತಾರಾಬಾಯಿ ಪಡಸಾಲೆಯಲ್ಲಿ ಜಪಮಣಿ ಹಿಡಿದು ಕುಳಿತಿದ್ದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಆದ್ದರಿಂದ ಬಂದವರಿಗೆ ನಾಲ್ಕು ಗಂಟೆಗೇ ತಾಟು ಹಾಕುವುದು ರೂಢಿ.

"ಬಾ, ಉಣ್ಣು," ಎಂದರು ಮುದುಕಿ.

"ಬ್ಯಾಡ್ರಿ ಆಯಿ. ಉಪಾಸ ಅದೀನಿ."

"ಚಾ ಆದ್ರೂ ತಗೋ."

"ಇಲ್ರಿ."

"ನೀರು?"

"ನೀರೂ ಇಲ್ರಿ."

ತಾರಾಬಾಯಿಯ ಕೈಯಲ್ಲಿ ಜಪಮಣಿ ನಿಂತಿತು. ನೀರಿಲ್ಲದ ಉಪವಾಸವೆಂದರೆ ಅವರಿಗೆ ಒಂದೇ ಅರ್ಥ, ಹಗಲಿರುಳು ಏನನ್ನೂ ಮುಟ್ಟದ ಜೈನರ ತಪಸ್ಸು.

"ಎಷ್ಟನೇದು?"

"ನಾಕನೇದ್ರಿ."

"ಇನ್ನೂ ಮಾಡಾಂವ ಏನು?"

"ತಿಂಗಳು ತುಂಬೂ ಮಟಾ ಮಾಡೂದ್ರಿ. ನಮ್ಮನ್ಯಾಗ ಎಲ್ಲಾರೂ ಮಾಡತೀವಿ."

ಮುದುಕಿ ಮಗನತ್ತ ತಿರುಗಿದರು. "ಕೇಳಿದ್ಯಾ ಭೀಮಗೊಂಡ? ಪರ್ವದಾಗ ಒಂದು ದಿವಸ ನೀರು ಬಿಡು ಅಂದ್ರ ನೀ ಮಧ್ಯಾಹ್ನಕ್ಕ ಶೇಂಗಾ ಚೀಲದ ಹತ್ರ ಕೂತಿರತಿ. ಈ ಹುಡುಗ ತಿಂಗಳ ಉಪವಾಸ ಹಿಡದಾನ. ಎಂಥಾ ಕುಲ ಇರಬೇಕು."

"ಹಂಗಲ್ರಿ ಆಯಿ, ನಮ್ಮದು..." ಎಂದು ಬಾಬು ಬಾಯಿ ತೆರೆದ.

"ಪುಸ್ತಕ ಎಲ್ಲಿ ಐತ್ರಿ? ಶುರು ಮಾಡೂಣ," ಎಂದಳು ಮಂಗಲ ಗಡಿಬಿಡಿಯಿಂದ.

ಬೆಳಗಾವಿಯಲ್ಲೂ ಚೀಟಿಯೇ ಎಂದು ಈ ಸಲ ಪಕ್ಷ ಅದಲುಬದಲು ಮಾಡಿ ತಯಾರಿ. ಬಾಬು ಪರವಾಗಿ ಮಾತಾಡಬೇಕು, ಮಂಗಲ ವಿರೋಧ. ವಿಚಿತ್ರವೆಂದರೆ, ಚಿಕ್ಕೋಡಿಯಲ್ಲಿ ಗುಡುಗಿದ್ದ ಹುಡುಗ ಇಲ್ಲಿ ತೊದಲಿದ.

"ಏನಾತ್ರಿ?" ಎಂದಳು ಮೆಲ್ಲಗೆ.

"ನಮ್ಮನ್ನ ಬೈಯೂದು ಸರಳ ಇತ್ತ್ರಿ, ದಿನಾ ಕೇಳಿದ್ದ. ನಮ್ಮ ಪರವಾಗಿ ನಾನ ಮಾತಾಡೂದಂದ್ರ ನಾಚಿಕಿ ಬರತೈತಿ. ಭಿಕ್ಷಾ ಬೇಡಿದಂಗ ಆಗತೈತಿ."

ಮಂಗಲ ಹಾಳೆಯ ಮೇಲೆ ಕಣ್ಣು ನೆಟ್ಟಳು. ಒಂದಕ್ಷರವೂ ಕಾಣಲಿಲ್ಲ. ತಾನು ಹೇಳಿದ 'ಅವರೂ ಮನುಷ್ಯರು' ಎಂಬ ಮಾತು ಇವನ ಕಿವಿಗೆ ಹೇಗೆ ಕೇಳಿಸಿರಬೇಕು... ಆ ಕ್ಷಣದಲ್ಲೇ ಅವಳು ಅವನನ್ನು ಪ್ರೀತಿಸಿಬಿಟ್ಟಳು. ಅವಳಿಗೆ ಅದು ತಿಳಿದದ್ದು ಅವನ ಬಸ್ಸು ಹೋದ ಮೇಲೆ.

ಎರಡನೇ ಭಾನುವಾರ ತಾರಾಬಾಯಿ ಅವನಿಗಾಗಿ ಒರಗಿ ಕೂರಲು ಗೋಡೆಗೆ ಲೋಡು ಇಟ್ಟು ಕಾಯುತ್ತಿದ್ದರು. ಉಪವಾಸ ಹನ್ನೊಂದಕ್ಕೆ ಬಂದಿದೆ ಎಂದು ಕೇಳಿ ಕಣ್ಣಿಗೆ ನೀರು ತಂದುಕೊಂಡರು.

"ಹನ್ನೊಂದು ದಿವಸ ನೀರಿಲ್ದ ಬಸ್ಸು ಹತ್ತಿ ಬಂದಾನಂತ?" ಎಂದರು ಭೀಮಗೊಂಡರು.

"ನಿನ್ನಂಗ ಹೊಟ್ಟಿ ನಂಬಿದವರಿಗೆ ತಿಳ್ಯಾಂಗಿಲ್ಲ ಅದು."

ಭೀಮಗೊಂಡರು ಮಗಳ ಕಡೆ, ಹುಡುಗನ ಕಡೆ ನೋಡಿ ತಾಯಿಗೆ ಪಿಸುಗುಟ್ಟಿದರು: "ಹುಡುಗ ಛಲೋ ಅದಾನ. ಚಿಂಚಲಿ ಕಡೀಗೆ ಹೋಗಿ ಮನೀ ವಿಚಾರ ಮಾಡಿ ಬರಲೇನು?"

ಪಿಸುಮಾತು ಪಡಸಾಲೆಯಲ್ಲೆಲ್ಲ ಕೇಳಿಸಿತು. ಬಾಬು ಎದ್ದು ಅಂಗಳಕ್ಕೆ ಹೋದ. ಮಂಗಲ ಹಿಂದೆಯೇ ಹೋದಳು.

"ಇವತ್ತ ಹೇಳಿಬಿಡತೀನ್ರಿ," ಎಂದ.

"ಬ್ಯಾಡ್ರಿ... ಬೆಳಗಾವಿ ಸ್ಪರ್ಧೆ ಮುಗೀಲಿ. ಆಮ್ಯಾಲ ನಾನ ಹೇಳತೀನಿ."

"ಅಲ್ಲೀ ಮಟಾ ನಾ ಯಾರಾಗಿರಲಿ?"

ಅವಳು ಪಡಸಾಲೆಯ ಕಡೆ ತಿರುಗಿ ನೋಡಿದಳು.

"ಅಷ್ಟು ಮಂದಿ ಮುಂದ ನಮ್ಮ ಪರವಾಗಿ ಮಾತಾಡಿದ್ರಿ. ಮನ್ಯಾಗ ಇಬ್ಬರ ಮುಂದ ಮಾತಾಡಾಕ ಆಗವಲ್ದು. ನಾಚಿಕಿ ಆಗತೈತೇನ್ರಿ ನನ್ನಿಂದ?"

ಇಲ್ಲ, ನಿಮ್ಮನ್ನ ಕಳಕೊಳ್ಳತೀನೇನೋ ಅಂತ ಹೆದರಿಕಿ... ಹೀಗೆ ಹೇಳಬೇಕಿತ್ತು. ಅವನು ಅವಳ ಮೌನವನ್ನೇ 'ಹೌದು' ಎಂದು ತಿಳಿದ.

"ಮುಂದಿನ ಐತವಾರ ಒಂದು ಸಲ ಬರತೀನಿ. ಹೇಳಿ ಹೋಗಾಕ ಅಷ್ಟ."

ಆ ವಾರ ಮಂಗಲಾಳಿಗೆ ಊಟ ಸೇರಲಿಲ್ಲ. ಮೊಮ್ಮಗಳೂ ಉಪವಾಸ ಹಿಡಿದಿದ್ದಾಳೆ ಎಂದು ತಾರಾಬಾಯಿ ಖುಷಿಪಟ್ಟರು.

* * *

ಮೂರನೇ ಭಾನುವಾರ ಬಾಬು ಬಾಗಿಲಲ್ಲೇ ತಡೆದು ನಿಂತ.

ಪಡಸಾಲೆ ತುಂಬ ಓಣಿಯ ಹೆಂಗಸರು. ಆರತಿ ತಟ್ಟೆ, ತೆಂಗಿನಕಾಯಿ, ಗೋಡೆಯ ಬುಡಕ್ಕೆ ಒಂದು ಮಣೆ. ಚಿಂಚಲಿಯ ತಪಸ್ವಿ ಬರುತ್ತಾನೆಂದು ತಾರಾಬಾಯಿ ಮನೆಮನೆಗೆ ಹೇಳಿಸಿದ್ದರು. ಅವನನ್ನು ಎಳೆದು ಮಣೆಯ ಮೇಲೆ ಕೂರಿಸಿದರು.

"ನಿಮಗೆಲ್ಲಾರಿಗೂ ಒಂದು ಮಾತು ಹೇಳೂದೈತ್ರಿ," ಎಂದ ಬಾಬು.

"ತಪಸ್ವಿ ಮಾತಾಡಬಾರದು, ಶಕ್ತಿ ಹೊಕ್ಕತಿ," ಎಂದರು ಒಬ್ಬಾಕೆ.

"ನೋಡಬೇ, ಮಾರೀ ಮ್ಯಾಲ ಎಂಥಾ ತೇಜ ಐತಿ," ಎಂದರು ಇನ್ನೊಬ್ಬಾಕೆ.

ತಾರಾಬಾಯಿ ಬೆಳ್ಳಿ ಲೋಟದಲ್ಲಿ ಹಾಲು ತಂದರು. "ಸಾಕು ಮಗಾ. ಇಷ್ಟು ಮಾಡಿದ್ದು ರಗಡ ಆತು. ನನ್ನ ಕೈಲೆ ಒಂದು ಗುಟುಕು ಕುಡದು ಉಪಾಸ ಬಿಡು. ಈ ಪುಣ್ಯ ನನಗ ಕೊಡು."

ಲೋಟ ಅವನ ತುಟಿಯ ಹತ್ತಿರ ಬಂತು. ಹಿಂದೆ ಸರಿಯಲು ಬಾಬುವಿನ ಬೆನ್ನಿಗೆ ಗೋಡೆ. ಇಷ್ಟು ಪ್ರೀತಿಯಿಂದ ಕೊಡುವ ಕೈಯನ್ನು ತಳ್ಳುವುದು ಹೇಗೆ? ಅವನು ಮಂಗಲಾಳ ಕಡೆ ನೋಡಿದ. ಬೇಡುವ ನೋಟವಲ್ಲ ಅದು. ಸುಮ್ಮನೆ ನೋಡಿದ.

ಮಂಗಲ ಬಂದು ಅಜ್ಜಿಯ ಕೈ ಹಿಡಿದಳು.

"ಆಯಿ, ಕುಡಸಬ್ಯಾಡ. ಅವರ ರೋಜಾ ಮುರೀತೈತಿ."

"ರೋಜಾ?" ಎಂದರು ಒಬ್ಬಾಕೆ.

"ಇವರು ಬಾಬಾಲಾಲ ನದಾಫ. ಮುಸಲ್ಮಾನರು. ಹೊತ್ತು ಮುಳುಗಿದ ಮ್ಯಾಲೆ ದಿನಾ ಉಣತಾರ. ಇವರು ಎರಡು ಸಲ ಹೇಳಾಕ ಬಂದ್ರು, ನಾ ಬಿಡಲಿಲ್ಲ. ನನಗ ಮೊದಲ ದಿವಸನ ಗೊತ್ತಿತ್ತು."

ಯಾರೋ ಆರತಿ ತಟ್ಟೆಯನ್ನು ಸೆರಗಿನೊಳಗೆ ಸರಿಸಿಕೊಂಡರು. ಒಬ್ಬೊಬ್ಬರಾಗಿ ಹೆಂಗಸರು ಎದ್ದು ಹೋದರು. ತೆಂಗಿನಕಾಯಿ ತಂದವರು ಮರೆಯದೆ ತೆಗೆದುಕೊಂಡು ಹೋದರು.

ಬಾಗಿಲಿಗೆ ಒರಗಿ ನಿಂತಿದ್ದ ಭೀಮಗೊಂಡರು ಮಣೆಯ ಹತ್ತಿರ ಬಂದರು.

"ಮತ್ತ ಆ ಭಾಷಣ?"

"ಚೀಟ್ಯಾಗ ವಿರೋಧ ಬಂದಿತ್ತ್ರಿ."

"ಅಷ್ಟೆಲ್ಲಾ ಎಲ್ಲಿ ಕಲತಿ?"

"ಕಲಿಯೂದೇನ್ರಿ. ಬಸ್ಸಿನ್ಯಾಗ ಕುಂತ್ರ ಕೇಳಸತಾವು."

"ನಾ ಚಪ್ಪಾಳಿ ಹೊಡದಾಗ... ನಿನಗ ಹೆಂಗನಿಸ್ತು?"

ಬಾಬು ನೆಲ ನೋಡಿದ. "ಬಹುಮಾನ ಬಂತಲ್ಲ ಅನಿಸ್ತ್ರಿ. ಕಪ್ ಒಯ್ದು ಅವ್ವಗ ತೋರಸಬೇಕು ಅನ್ಕೊಂಡ್ನಿ. ತೋರಸಲಿಲ್ಲ. ಯಾ ಮಾತಿಗೆ ಕೊಟ್ರು ಅಂತ ಕೇಳತಾಳ."

ಭೀಮಗೊಂಡರು ತಮ್ಮ ಎರಡೂ ಅಂಗೈ ನೋಡಿಕೊಂಡರು. "ಆ ದಿವಸ ಮನಿಗೆ ಬಂದು ನಾ ಗಾದಿ ಒತ್ತಿ ನೋಡಿನಿ," ಎಂದರು, ಯಾರಿಗೆ ಹೇಳಿದರೋ. "ಇಪ್ಪತ್ತು ವರ್ಷ ಮಲಗಿದ ಗಾದಿ. ಅರಳಿ ಬಿಟ್ರ ಏನಿತ್ತು ಅದರಾಗ?"

"ಯಾರ ಕಡೆ ಹೊಲಿಸಿದ್ರಿ?" ಎಂದು ಬಾಬು ತಡೆಯಲಾರದೆ ಕೇಳಿದ. "ಒತ್ತಿದಲ್ಲಿ ಗಂಟು ಸಿಕ್ಕಿದ್ರ ಅರಳಿ ಸರಿಯಾಗಿ ಬಡದಿಲ್ಲ ಅಂತ."

ಭೀಮಗೊಂಡರ ಮುಖದಲ್ಲಿ ಏನೋ ಬಂದು ಹೋಯಿತು. ನಗುವೋ ಸಿಟ್ಟೋ ಮಂಗಲಾಳಿಗೆ ತಿಳಿಯಲಿಲ್ಲ. "ಆರೂವರಿಗೆ ಬಸ್ಸೈತಿ," ಎಂದಷ್ಟೇ ಹೇಳಿ ಒಳಗೆ ಹೋದರು. ಹೋಗು ಎಂದರೋ, ತಪ್ಪಿಸಿಕೊಳ್ಳಬೇಡ ಎಂದರೋ...

ತಾರಾಬಾಯಿ ಇನ್ನೂ ಲೋಟ ಹಿಡಿದೇ ನಿಂತಿದ್ದರು.

"ಹಗಲೆಲ್ಲಾ ನೀರು ಕುಡಿಯಾಂಗಿಲ್ಲ, ಅದು ಖರೇ ಏನು?"

"ಖರೇ ಆಯಿ."

"ಸುಳ್ಳು ಹೇಳಬಾರದೂ ಅಂತಾರೇನು ನಿಮ್ಮಲ್ಲಿ?"

"ಅಂತಾರ್ರಿ."

"ಮತ್ತ ಎಲ್ಲಾ ಸರಿ ಐತಿ. ರಾತ್ರಿ ಉಣ್ಣೂದೊಂದ ಕೆಟ್ಟದ್ದು." ಮುದುಕಿ ಒಳಗಿನಿಂದ ಬಾಳೆಹಣ್ಣು, ಶೇಂಗಾ, ಬೆಲ್ಲ ತಂದು ಅರಿವೆಯಲ್ಲಿ ಕಟ್ಟಿದರು. ಒಂದು ತಂಬಿಗೆ ನೀರನ್ನೂ ಮೊಮ್ಮಗಳ ಕೈಗೆ ಕೊಟ್ಟರು. "ಹೊತ್ತು ಮುಳುಗಿದ ಮ್ಯಾಲೆ ಉಣಿಸಿದ ಪಾಪ ನನಗ ಬ್ಯಾಡ. ನೀ ಹೋಗಿ ಕೊಟ್ಟು ಬಾ."

* * *

ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಇಬ್ಬರೂ ನಿಂತರು. ಗಾಳಿಯಲ್ಲಿ ಒಣಗಿದ ತಂಬಾಕಿನ ವಾಸನೆ. ಸೂರ್ಯ ಇನ್ನೂ ಕಬ್ಬಿನ ಗದ್ದೆಯ ಮೇಲೆ ಕೆಂಪಗೆ ಕೂತಿದ್ದ. ಇಷ್ಟು ನಿಧಾನವಾಗಿ ಅವನು ಎಂದೂ ಮುಳುಗಿರಲಿಲ್ಲ ಎಂದು ಮಂಗಲಾಳಿಗೆ ಅನಿಸಿತು. ಎಂದೂ ಮುಳುಗದಿದ್ದರೂ ಒಳ್ಳೆಯದೇ ಎಂದೂ ಅನಿಸಿತು.

"ಇನ್ನ ಕುಡೀರಿ," ಎಂದಳು ಹೊತ್ತು ಮುಳುಗಿದ ಮೇಲೆ, ತಂಬಿಗೆ ಮುಂದೆ ಹಿಡಿದು.

ಬಾಬು ಕಣ್ಣು ಮುಚ್ಚಿ ಏನೋ ಹೇಳಿಕೊಂಡು ನೀರು ಬಾಯಿಗೆ ಹಾಕಿಕೊಂಡ.

"ನಿಮ್ಮಿಂದ ನಾಚಿಕಿ ಆಗಿರಲಿಲ್ರಿ ನನಗ," ಎಂದಳು ಮಂಗಲ. "ನಿಮ್ಮನ್ನ ಕಳಕೊಳ್ಳೂ ಹೆದರಿಕಿ ಇತ್ತು. ನಿಮ್ಮ ಮ್ಯಾಲೆ ನನಗ ಜೀವ ಐತಿ. ನನ್ನ ಲಗ್ನ ಆಗತೀರೇನು?"

ಅವನಿಗೆ ನೀರು ನೆತ್ತಿಗೇರಿತು. ಕೆಮ್ಮು ನಿಲ್ಲಲೇ ಇಲ್ಲ. ಅವಳೇ ಬೆನ್ನು ತಟ್ಟಬೇಕಾಯಿತು. ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಹಸಿದ ಹೊಟ್ಟೀಗೆ ಇಂಥಾ ಮಾತು ಕೇಳತಾರೇನ್ರಿ?" ಎಂದ ಕಣ್ಣೊರೆಸಿಕೊಳ್ಳುತ್ತ.

"ಹಂಗಾದ್ರ ಬಾಳಿಹಣ್ಣು ತಿಂದು ಹೇಳ್ರಿ. ನಾ ಕಾಯತೀನಿ."

"ಬಸ್ಸು ಬಂದ್ರ?"

"ಹೋಗಲಿ ಬಿಡ್ರಿ. ನಾಳೆ ಬರತೈತಿ."

ಅವನು ಹಣ್ಣು ಸುಲಿಯುತ್ತಿದ್ದವನು ನಿಲ್ಲಿಸಿದ. "ಹೌದ್ರಿ," ಎಂದ. "ತಿನ್ನೂ ಮುಂಚೇನ ಹೇಳಿಬಿಡತೀನಿ. ಹೌದು."

ಮುಂದಿನದು ನನಗೆ ಸರಿಯಾಗಿ ಗೊತ್ತಿಲ್ಲ. ಭೀಮಗೊಂಡರು ಒಪ್ಪಿದರು ಎನ್ನುವವರಿದ್ದಾರೆ, ಒಪ್ಪದೆ ಇಬ್ಬರೂ ಬೇರೆ ಊರಿಗೆ ಹೋದರು ಎನ್ನುವವರೂ ಇದ್ದಾರೆ. ಲಗ್ನ ಯಾವ ಪದ್ಧತಿಯಲ್ಲಿ ಆಯಿತು, ಆಯಿತೋ ಇಲ್ಲವೋ, ಅದನ್ನೂ ನಾನು ಕಣ್ಣಾರೆ ಕಂಡಿಲ್ಲ. ಆ ಸಂಜೆಯ ಆರೂವರೆ ಬಸ್ಸಿಗೆ ಅಕ್ಕೋಳದಲ್ಲಿ ಯಾರೂ ಹತ್ತಲಿಲ್ಲ. ಅಷ್ಟು ಮಾತ್ರ ಖರೆ.