ಬೇಲಿಯಂಚಿನ ಮೂರು ಕಲ್ಲುಗಳು

“ಅಂಕಲ್, ನಾಳೆ ಹನ್ನೊಂದು ಗಂಟೆಯೊಳಗೆ ನೀವು ನನ್ನನ್ನ ಉಳಿಸ್ಬೇಕು,” ಎಂದ ಅಮೃತ್, ಬಾಗಿಲಲ್ಲೇ ನಿಂತು.

“ಮೊದಲ ಬೂಟು ಬಿಚ್ಚಪಾ. ಆಮ್ಯಾಲ ಉಳಿಸೋಣಂತ,” ಎಂದರು ಗುರುಸಿದ್ದಪ್ಪ.

ಅಕ್ಟೋಬರ್ ತಿಂಗಳ ಆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹರಿಣಿಯೂ ಅಲ್ಲಿದ್ದಳು. ಗುರುಸಿದ್ದಪ್ಪನವರು ಧಾರವಾಡದ ಭೂಮಾಪನ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಹೊಲ ಅಳೆದು ನಿವೃತ್ತರಾದವರು. ಗಡಿಕಲ್ಲು ಸರಿಸಿ ಏನೂ ಅರಿಯದಂತೆ ನಿಂತವರ ಮುಖ ನೋಡಿ ನೋಡಿ ಅವರ ಕಣ್ಣು ಪಳಗಿತ್ತು. ಅಮೆರಿಕದ ಸ್ಟರ್ಲಿಂಗ್ ಎಂಬ ಊರಿನ ಮಗಳ ಮನೆಯಲ್ಲಿ ನೆಲೆಸಿದ ಮೇಲೆ ಸುತ್ತಲಿನ ಕನ್ನಡಿಗರ ಕಳವು, ಕಣ್ಮರೆಗಳೆಲ್ಲ ಅವರ ಊಟದ ಮೇಜಿಗೇ ಬರುತ್ತಿದ್ದವು. ಅವರಿಗೆ ಕಾರು ಓಡಿಸಲು ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಎರಡಕ್ಕೂ ಹರಿಣಿಯೇ ಬೇಕು. ಪಿಯುಸಿ ಅರ್ಧಕ್ಕೆ ಬಿಟ್ಟು ಮದುವೆಯಾಗಿ ಬಂದ ಆ ಹುಡುಗಿ ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹೆದರುತ್ತಿದ್ದಳು. ಆದರೆ ಒಮ್ಮೆ ನೋಡಿದ್ದನ್ನು ಮರೆಯುತ್ತಿರಲಿಲ್ಲ.

ಅಮೃತ್ ಕುಳಿತ, ನೀರು ಕುಡಿದ, ಹೇಳಿದ. ಹಿಂದಿನ ದಿನ ಅವರ ವಾಕಿಂಗ್ ಗುಂಪು ಲೌಡನ್ ಕೌಂಟಿಯ ಒಂದು ಹಳೆಯ ತೋಟದ ಕಾಲುದಾರಿಗೆ ಹೋಗಿತ್ತು. ಬೇಲಿಗಿಡಗಳ ನಡುವೆ ಸುತ್ತುವ ದಾರಿ. ಮೊದಲು ಪಾಳುಬಿದ್ದ ಹಿಟ್ಟಿನ ಗಿರಣಿ, ಆಮೇಲೆ ಬೇಲಿಯಂಚಿಗೊಂದು ಸ್ಮಶಾನ. ಆ ತೋಟದಲ್ಲಿ ಗುಲಾಮರಾಗಿ ದುಡಿದು ಸತ್ತವರದು. ಹೆಸರು ಕೆತ್ತಿಲ್ಲ, ತಲೆಯ ಕಡೆಗೊಂದು ಹೊಲದ ಕಲ್ಲು ನೆಟ್ಟಿದ್ದಾರೆ ಅಷ್ಟೆ. ಅದನ್ನು ನೋಡಿಕೊಳ್ಳುವ ಮಿಸೆಸ್ ಟಾಲಿವರ್ ಆ ಸತ್ತವರ ವಂಶದವರೇ. ಶುಕ್ರವಾರ ಹುಲ್ಲು ಕತ್ತರಿಸಿದಾಗ ಇಪ್ಪತ್ತೆರಡು ಕಲ್ಲುಗಳಿದ್ದವು. ಶನಿವಾರ ಸಂಜೆ ಹತ್ತೊಂಬತ್ತು.

“ಶನಿವಾರ ಗೇಟ್ ತೆಗೆದದ್ದು ನಮ್ಮ ಗುಂಪಿಗೆ ಮಾತ್ರ. ಕೊನೆಗೆ ಅಲ್ಲಿದ್ದವನು ನಾನು ಅಂತ ನಮ್ಮವರೇ ಯಾರೋ ಅವರಿಗೆ ಮೇಲ್ ಬರೆದಿದ್ದಾರೆ. ಹೌದು, ಮಂಡಿಯೂರಿ ಫೋಟೊ ತೆಗೀತಿದ್ದೆ. ಸಾಲದ್ದಕ್ಕೆ ಸೌಮ್ಯಾ ಹಳ್ಳದಲ್ಲಿ ಕಲ್ಲು ಆರಿಸಿ ಬ್ಯಾಗಿಗೆ ತುಂಬಿದ್ದಳು, ಮೀನಿನ ತೊಟ್ಟಿಗೆ ಅಂತ. ನಾಳೆ ಹನ್ನೊಂದರೊಳಗೆ ಕಲ್ಲು ವಾಪಸ್ ಬರದಿದ್ರೆ ಪೊಲೀಸ್ ಶೆರಿಫ್‌ಗೆ ನನ್ನ ಹೆಸರು ಕೊಡ್ತಾರಂತೆ. ಸಮಾಧಿ ಕೆಡಿಸೋದು ಇಲ್ಲಿ ದೊಡ್ಡ ಕೇಸು ಅಂಕಲ್. ಗುರುವಾರ ನನ್ನ ಗ್ರೀನ್ ಕಾರ್ಡ್ ಇಂಟರ್‌ವ್ಯೂ. ಹನ್ನೊಂದು ವರ್ಷ ಕಾದಿದ್ದೀನಿ.”

“ನೀ ತಗೊಂಡಿಲ್ಲ?”

“ಇಲ್ಲ!”

“ಹಂಗಂದ್ರ ಮನೀಗೆ ಹೋಗು, ಉಂಡು ಮಲಕೊ. ಸೌಮ್ಯಾಗ ಬೈಬ್ಯಾಡ.”

ಹರಿಣಿ ತೋಟದ ಕಡೆಗೆ ಕಾರು ತೆಗೆದಳು. ದಾರಿಯುದ್ದಕ್ಕೂ ಗುರುಸಿದ್ದಪ್ಪ ಕಣ್ಣು ಮುಚ್ಚಿ ಕುಳಿತಿದ್ದರು.

“ನೀನೂ ಹೋಗಿದ್ದೆಲ್ಲ ತಂಗಿ. ಏನ ನೋಡಿದಿ? ದೊಡ್ಡದು, ಸಣ್ಣದು ಅನಬ್ಯಾಡ.”

ಹರಿಣಿ ನೆನಪಿಸಿಕೊಂಡು ಹೇಳಿದಳು. ಅಮೃತ್, ಸೌಮ್ಯಾ, ತಾನು ಮೂವರೂ ಒಟ್ಟಿಗೆ ನಡೆದು ಗಿರಣಿ ತಲುಪಿದರು. ಗುಂಪಿನ ಮುಖಂಡ ಪ್ರತಾಪ್ ಮಾತ್ರ ತಾಯಿ ವರಲಕ್ಷ್ಮಿಯವರಿಗೆ ಮಂಡಿನೋವೆಂದು ಹಿಂದಿನ ರಸ್ತೆಯಿಂದ ಕಾರಿನಲ್ಲಿ ಕರೆತಂದಿದ್ದ. ನಡೆದು ಬಂದ ಮೂವರು ತಲುಪುವಷ್ಟರಲ್ಲಿ ಬಿಸಿ ಕಾಫಿ ಸಿದ್ಧವಾಗಿತ್ತು. ಪ್ರತಾಪ್ ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದರಲ್ಲಿ ಪ್ಯಾಂಟಿಗೆ ಅಂಟಿದ್ದೇನನ್ನೋ ಕೀಳುತ್ತಿದ್ದ. ಸೌಮ್ಯಾ ಹಳ್ಳಕ್ಕಿಳಿದಳು. ವರಲಕ್ಷ್ಮಿಯವರು ಪಾತ್ರೆಯ ತಳವನ್ನು ಮರಳು ಹಾಕಿ ಉಜ್ಜುತ್ತಿದ್ದರು. ಕಾಫಿಯಾದ ಮೇಲೆ ತಾವು ಮೂವರು ಸ್ಮಶಾನದ ಮುಂಬಾಗಿಲಿನಿಂದ ಒಳಹೊಕ್ಕರು. ಅಮೃತ್ ಹಿಂದೆ ಉಳಿದ. ಬಂದಾಗ ಮಂಡಿ ಮಣ್ಣಾಗಿತ್ತು.

“ಛಲೋ ಕಣ್ಣು,” ಎಂದರು ಗುರುಸಿದ್ದಪ್ಪ.

ಸ್ಮಶಾನದಲ್ಲಿ ಮಿಸೆಸ್ ಟಾಲಿವರ್ ಇವರಿಬ್ಬರನ್ನೂ ದೂರದಿಂದಲೇ ಅಳೆಯುತ್ತ ನಿಂತರು. ಎಪ್ಪತ್ತು ದಾಟಿದ ಎತ್ತರದ ಹೆಂಗಸು, ತಲೆಗೆ ಹುಲ್ಲಿನ ಟೋಪಿ, ಕೈಯಲ್ಲಿ ನೋಟ್‌ಬುಕ್. ಮಾತು ಬೇಡವೆಂಬಂತೆ ಕುಳಿಗಳತ್ತ ಬೆರಳು ತೋರಿಸಿದರು. ಗುರುಸಿದ್ದಪ್ಪ ಚಪ್ಪಲಿ ಬಿಟ್ಟು ಕುಕ್ಕರಗಾಲಿನಲ್ಲಿ ಕುಳಿತು ಮೂರು ಕುಳಿಗಳಿಗೂ ಗೇಣು ಹಾಕಿದರು. ಮೂರೂ ಒಂದೇ ಆಳ, ಒಂದೇ ಅಗಲ. ಅವು ಒಂದೇ ಸಾಲಿನವೂ ಆಗಿರಲಿಲ್ಲ. ಹಿಂಬದಿಯ ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಸಂದು. ಅಲ್ಲಿಂದ ಗಿರಣಿ ನೂರೈವತ್ತು ಹೆಜ್ಜೆ. ಸಂದಿನ ತುಂಬ, ಉತ್ತರಾಣಿಯ ಹಾಗೆ ಬಟ್ಟೆ ಹಿಡಿಯುವ ಮುಳ್ಳುಬೀಜದ ಗಿಡಗಳು. ದಾರಿಯ ಉಳಿದೆಲ್ಲ ಅಂಚುಗಳನ್ನು ನುಣ್ಣಗೆ ಕತ್ತರಿಸಿದ್ದರು.

ಗಿರಣಿಯ ಮೂಲೆಯಲ್ಲಿ ಒಣಗಿದೆಲೆ ಒಂದೆಡೆ ತೀರ ಒಪ್ಪವಾಗಿ ಬಿದ್ದಿತ್ತು. ಹರಿಣಿ ಕಾಲಿನಿಂದ ಸರಿಸಿದಳು. ಕೆಳಗೆ ನೆಲ ಕಪ್ಪಗಿತ್ತು. ನೀರಿನ ಚಕ್ರವಿದ್ದ ಗುಂಡಿಗೆ ಬಗ್ಗಿ ನೋಡಿದಳು. ಮೂರು ಕಲ್ಲುಗಳು. ಒಂದೊಂದರದೂ ಒಂದೇ ಮಗ್ಗುಲು ಕಪ್ಪು.

“ಮುಟ್ಟಬ್ಯಾಡ. ಕಲ್ಲು ಸಿಕ್ಕವು, ಇನ್ನ ಕೈ ಸಿಗಬೇಕು. ನಾಳೆ ಎಲ್ಲಾರೂ ಇಲ್ಲೇ ಬರಲಿ. ವರಲಕ್ಷ್ಮಿಯವರೂ.”

ಸೋಮವಾರ ರಜೆ. ಹತ್ತೂವರೆಗೆ ಎಲ್ಲರೂ ಗಿರಣಿಯಲ್ಲಿ ಸೇರಿದರು. ಅಮೃತ್ ಮತ್ತು ಸೌಮ್ಯಾ ಗೋಡೆಗಾನಿ ನಿಂತಿದ್ದರು. ಅವಳು ಅತ್ತಿದ್ದು ಕಾಣುತ್ತಿತ್ತು. ವರಲಕ್ಷ್ಮಿಯವರು ಮಡಿಸುವ ಕುರ್ಚಿಯಲ್ಲಿ ಕುಳಿತು, “ಏನೋ ಮೀಟಿಂಗ್ ಅಂದ ಇವನು, ತಿಂಡಿಗಾದ್ರೂ ಹೇಳಿದ್ರೆ ಮಾಡಿ ತರ್ತಿದ್ದೆ,” ಎಂದು ಸುತ್ತ ನೋಡಿದರು. ಮಿಸೆಸ್ ಟಾಲಿವರ್ ಗಡಿಯಾರ ನೋಡಿಕೊಂಡರು.

“ತಂಗಿ, ನಾ ಅಂದದ್ದನ್ನ ಅವರಿಗೆ ಇಂಗ್ಲಿಷಿನ್ಯಾಗ ಹೇಳಕೋತ ಹೋಗು,” ಎಂದು ಗುರುಸಿದ್ದಪ್ಪ ಶುರುಮಾಡಿದರು. ಹರಿಣಿ ಮಿಸೆಸ್ ಟಾಲಿವರ್ ಪಕ್ಕಕ್ಕೆ ಹೋಗಿ ನಿಂತಳು. ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು.

“ಹಳೇ ಸಾಮಾನು ಕದಿಯಾಂವ ಈ ಗಿರಣಿಯ ಕೆತ್ತಿದ ಕಲ್ಲು ಬಿಟ್ಟು ಬೋಳುಗಲ್ಲು ಯಾಕ ಒಯ್ಯತಾನ? ಮೂರ ಯಾಕ? ಬ್ಯಾರೆ ಬ್ಯಾರೆ ಸಾಲಿನ್ಯಾಗ ಹುಡುಕಿ ಮೂರೂ ಒಂದ ಅಳತೀವು ಯಾಕ? ಕಲ್ಲು ಈ ಗುಂಡ್ಯಾಗ ಅದಾವ, ಒಂದ ಮಗ್ಗಲಾ ಸುಟ್ಟಾವ. ಅಲ್ಲಿ ನೆಲಾ ಸುಟ್ಟೈತಿ. ಅದು ಒಲಿ. ನಮ್ಮ ಮಂದಿ ಹೂಡೂ ಮೂರು ಕಲ್ಲಿನ ಒಲಿ.”

ಮಿಸೆಸ್ ಟಾಲಿವರ್ ಗುಂಡಿಯೊಳಗೆ ನೋಡಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ಅಂದಮ್ಯಾಲ ಕಲ್ಲು ಕಿತ್ತದ್ದು ಕಾಫಿಗಿಂತ ಮೊದಲ. ಅಮೃತ್, ಸೌಮ್ಯಾ ಸ್ಮಶಾನಕ್ಕ ಕಾಲಿಟ್ಟದ್ದು ಕಾಫಿ ಕುಡದಮ್ಯಾಲ. ನಡಕೋತ ಬಂದವರು ಯಾರೂ ಅಲ್ಲ. ಕಾರಿನ್ಯಾಗ ಬಂದವರು ಉಳಿದರು.”

“ಅಂಕಲ್, ಏನ್ ಹೇಳ್ತಿದ್ದೀರ?” ಪ್ರತಾಪ್ ನಗಲು ನೋಡಿದ. “ನಾವು ಗ್ಯಾಸ್ ಸ್ಟವ್ ತಂದಿದ್ವಿ. ಇಲ್ಲಿ ಬೆಂಕಿ ಹಾಕಬಾರದು ಅಂತ ನಂಗೊತ್ತಿಲ್ವಾ? ನಾನು ಆ ಸ್ಮಶಾನದ ಕಡೆ ಹೋಗೇ ಇಲ್ಲ.”

“ಹರಿಣಿ, ಇನ್ನ ನನ್ನ ಮಾತಲ್ಲ. ನೀ ನೋಡಿದ್ದು ನೀನ ಹೇಳು.”

ಎಲ್ಲರೂ ಅವಳತ್ತ ತಿರುಗಿದರು. ಗುಂಪಿಗೆ ಅವಳನ್ನು ಮೊದಲು ಕರೆದವನೇ ಪ್ರತಾಪ್. ಹರಿಣಿ ಅಮೃತನ ಬಿಳಿಚಿದ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು: “ಪ್ರತಾಪ್ ಅವರೇ, ನಾವು ಬಂದಾಗ ನೀವು ಪ್ಯಾಂಟಿನಿಂದ ಮುಳ್ಳುಬೀಜ ಕೀಳ್ತಿದ್ರಿ. ಎರಡೂ ಕಾಲಿಂದ. ನಡೆದು ಬಂದ ನಮಗೆ ಒಂದೂ ಅಂಟಿರಲಿಲ್ಲ. ಆ ಗಿಡ ಇರೋದು ಸ್ಮಶಾನದ ಹಿಂದಿನ ಸಂದಿನಲ್ಲಿ ಮಾತ್ರ. ಮತ್ತೆ, ಗ್ಯಾಸಿನ ಮೇಲಿಟ್ಟ ಪಾತ್ರೆಗೆ ಮಸಿ ಹಿಡಿಯಲ್ಲ. ಆಂಟಿ ಮರಳು ಹಾಕಿ ಉಜ್ಜುತ್ತಿದ್ರು.” ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು, ತಡವರಿಸುತ್ತ, ಕೊನೆಯವರೆಗೆ.

“ಮುಳ್ಳುಬೀಜ ಎಲ್ಲಿ ಬೇಕಾದ್ರೂ ಅಂಟುತ್ತೆ. ಇದೊಂದು ಪ್ರೂಫಾ?”

ಗುರುಸಿದ್ದಪ್ಪ ಕುರ್ಚಿಯತ್ತ ತಿರುಗಿದರು. “ವರಲಕ್ಷ್ಮೀಬಾಯಿ, ಶನಿವಾರದ ಕಾಫಿ ಗ್ಯಾಸಿನ ಮ್ಯಾಲ ಕಾಸಿದಿರೇನ್ರಿ?”

“ಅಮ್ಮಾ—” ಎಂದ ಪ್ರತಾಪ್.

“ಗ್ಯಾಸ್ ಎಲ್ಲಿ ಬಂತು? ಅದನ್ನ ಮನೇಲೇ ಮರೆತು ಬಂದಿದ್ದ ಭೂಪ,” ಎಂದರು ಅವರು ಹೆಮ್ಮೆಯಿಂದ. “ಒಂದೇ ಅಳತೇದು ಮೂರು ಕಲ್ಲು ತಂದ್ಕೊಡೋ ಅಂದೆ. ಹತ್ತು ನಿಮಿಷದಲ್ಲಿ ತಂದ. ನಮ್ಮಜ್ಜಿ ಮನೇಲಿ ದಿನಾ ಒಲೆ ಹಚ್ತಿದ್ದವಳು ನಾನು. ಯಾಕೆ, ಕಾಫಿ ಹೊಗೆ ವಾಸನೆ ಬಂದಿತ್ತಾ?”

ಆ ಕಲ್ಲುಗಳು ಸಮಾಧಿಯವೆಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹರಿಣಿ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದಳು. ವರಲಕ್ಷ್ಮಿಯವರ ಕೈ ತಾನಾಗಿಯೇ ಬಾಯಿಗೆ ಹೋಯಿತು.

“ಸಮಾಧಿ ಅಂತ ಗೊತ್ತಿರಲಿಲ್ಲ,” ಎಂದ ಪ್ರತಾಪ್. ದನಿ ಕುಸಿದಿತ್ತು. “ಹಿಂದಿನಿಂದ ಹೋದೆ, ಬೋರ್ಡ್ ಕಾಣಲಿಲ್ಲ. ಬೆಂಕಿ ಹಾಕಿದ್ದು ಗೊತ್ತಾಗಬಾರದು ಅಂತ ಗುಂಡಿಗೆ ಎಸೆದೆ. ಗುಂಪಿನ ಮುಖಂಡ ಅಂತ ರಾತ್ರಿ ನಂಗೆ ಇವರ ಮೇಲ್ ಬಂದಾಗಲೇ ಗೊತ್ತಾಗಿದ್ದು.”

“ಕಲ್ಲು ಕಿತ್ತದ್ದು ಗೊತ್ತಿಲ್ಲದ ತಪ್ಪು,” ಎಂದರು ಗುರುಸಿದ್ದಪ್ಪ. “ಆ ಮೇಲ್‌ಗೆ ಉತ್ತರಾ ಅಂತ ಅಮೃತನ ಹೆಸರು ಬರದು ಕಳಿಸಿದೆಲ್ಲ, ಅದು ಯಾವುದು?”

“ಅವನೇನೂ ಮಾಡಿಲ್ಲವಲ್ಲ, ತಾನಾಗಿಯೇ ಬಿಡ್ತಾರೆ ಅಂದ್ಕೊಂಡೆ.”

“ಗುರುವಾರ ಇಂಟರ್‌ವ್ಯೂ ಅಂತ ಗೊತ್ತಿತ್ತು ನಿಮಗೆ,” ಎಂದಳು ಸೌಮ್ಯಾ. “ನಮ್ಮನೇಲಿ ಊಟ ಮಾಡ್ತಾ ಆಲ್ ದಿ ಬೆಸ್ಟ್ ಹೇಳಿದ್ರಿ.”

ಮಿಸೆಸ್ ಟಾಲಿವರ್ ನೋಟ್‌ಬುಕ್ ತೆರೆದು ಅಮೃತನ ಹೆಸರಿದ್ದ ಹಾಳೆಯನ್ನು ಹರಿದು ಅವನ ಕೈಗಿತ್ತರು. ತನ್ನವರಿಗೆ ಹೆಸರು ಕೆತ್ತಿಸಿಕೊಳ್ಳುವ ಹಕ್ಕೂ ಇರಲಿಲ್ಲ, ಆ ಕಲ್ಲೊಂದೇ ಅವರ ಗುರುತು ಎಂದರು. ಇದನ್ನು ಮುಚ್ಚಿಡುವುದು ತನ್ನಿಂದಾಗದು, ಆದರೆ ಶೆರಿಫ್‌ಗೆ ಕೊಡಬೇಕಾದದ್ದನ್ನು ಕಲ್ಲು ಕಿತ್ತವರೇ ಕೈಯಾರೆ ಬರೆಯಲಿ ಎಂದರು. ಹೊಸ ಹಾಳೆ ತಿರುವಿ ಪೆನ್ನಿನ ಜೊತೆ ಪ್ರತಾಪನತ್ತ ಚಾಚಿದರು.

ಪ್ರತಾಪ್ ಪೆನ್ನು ತೆಗೆದುಕೊಂಡ. ಕೈ ಮುಂದೆ ಹೋಗಲಿಲ್ಲ.

ವರಲಕ್ಷ್ಮಿಯವರು ಕುರ್ಚಿ ಹಿಡಿದು ಎದ್ದರು, ನೋಯುವ ಮಂಡಿಯಲ್ಲಿ ಮಗನ ಬಳಿ ಬಂದು ನಿಂತರು.

“ಬರಿ,” ಎಂದರು. “ನಿನ್ನ ಹೆಸರಿನ ಕೆಳಗೆ ನನ್ನದೂ ಬರಿ.”