ತಿಳಿ ಬಿಯರಿನ ಶನಿವಾರಗಳು

ಮೇ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಕ್ಲೈವ್ ಬ್ಯಾನಿಸ್ಟರ್ ಎರಡು ಬಾಟಲಿಗಳನ್ನು ತಂದು ರೊವೀನಾಳ ಕೌಂಟರಿನ ಮೇಲೆ ಇಟ್ಟ. ಇಟ್ಟ ಎನ್ನುವುದಕ್ಕಿಂತ ಕುಕ್ಕಿದ ಎನ್ನಬೇಕು.

“ನೀವು ಕೊಟ್ಟ ಡಬ್ಬಿ ಕೆಟ್ಟಿತ್ತು,” ಅಂದ.

ರೊವೀನಾ ಹಾಲೆಟ್ ಮೇ ತಿಂಗಳಿಗೇ ಚಳಿ ಹಿಡಿಯುವ ಟ್ಯಾಸ್ಮೇನಿಯಾ ದ್ವೀಪದ ಡರ್ವೆಂಟ್ ಕಣಿವೆಯಲ್ಲಿ, ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗಾಗಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಗಿತ್ತು. ಈ ಮಾತು ಅವಳಿಗೆ ಹೊಸದಲ್ಲ. ಮೊದಲ ಸಲ ಬಿಯರ್ ಕಿಟ್ಟಿನ ಡಬ್ಬಿ ಒಯ್ದವರಲ್ಲಿ ಅರ್ಧದಷ್ಟು ಜನ ಡಬ್ಬಿಯನ್ನು ಬೈಯುತ್ತಲೇ ವಾಪಸು ಬರುತ್ತಿದ್ದರು. ಕುಣಿಯಲಾರದವರಿಗೆ ನೆಲ ಯಾವತ್ತೂ ಡೊಂಕೇ.

ಅವಳು ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಹೇಗೆ ಮಾಡಿದಿರಿ ಎಂದು ಕೇಳಿದಾಗ ಅವನು ತಪ್ಪೊಪ್ಪಿಗೆ ಕೊಡುವವನಂತೆ ಒಂದೊಂದಾಗಿ ಹೇಳಿದ. ಅವನು ವಿದ್ಯುತ್ ಲೈನ್‌ಮ್ಯಾನ್. ನಲವತ್ತೈದನೇ ಹುಟ್ಟುಹಬ್ಬಕ್ಕೆ ಜೊತೆಯ ಕೆಲಸಗಾರರು ಇದೇ ಅಂಗಡಿಯಿಂದ ಲಾಗರ್ ಎಂಬ ತಿಳಿ ಬಿಯರಿನ ಕಿಟ್ ಕೊಡಿಸಿದ್ದರು. ಡಬ್ಬಿಯಲ್ಲಿದ್ದ ಮಾಲ್ಟ್, ಅಂದರೆ ಮೊಳಕೆ ಬಾರ್ಲಿಯ ಪಾಕವನ್ನು ತೊಟ್ಟಿಗೆ ಸುರಿದು, ನೀರು, ಯೀಸ್ಟ್, ಒಂದು ಕಿಲೋ ಬಿಳಿ ಸಕ್ಕರೆ ಹಾಕಿ, ಚಳಿಯಾಗದಿರಲಿ ಎಂದು ಸೌದೆ ಒಲೆಯ ಪಕ್ಕ ಇಟ್ಟಿದ್ದ. ಐದನೇ ದಿನ ಬಾಟಲಿಗೆ ತುಂಬಿದ್ದ.

“ಒಲೆ ಪಕ್ಕ,” ಅಂದಳು ರೊವೀನಾ.

“ಮಗು ಥರ ನೋಡ್ಕೊಂಡೆ.”

“ಅದೇ ತಪ್ಪಾಗಿರೋದು.”

ಅವನು ನಗಲಿಲ್ಲ. ಆದರೆ ಕಣ್ಣಿನ ಅಂಚಿನಲ್ಲಿ ಏನೋ ಸಡಿಲವಾಯಿತು. ಒಂದು ಸಲ ನೀವೇ ಕುಡಿದು ನೋಡಿ ಎಂದ.

ರೊವೀನಾ ಗ್ಲಾಸಿಗೆ ಸುರಿದಳು. ಮೂಗಿನ ಹತ್ತಿರ ತಂದಳು, ಕಣ್ಣು ಮುಚ್ಚಿದಳು, ಒಂದು ಗುಟುಕು ಕುಡಿದಳು. ಎಲ್ಲವನ್ನೂ ಹನ್ನೊಂದು ವರ್ಷದಿಂದ ಮಾಡಿದ ಹಾಗೆಯೇ ಮಾಡಿದಳು. ಒಂದೇ ವ್ಯತ್ಯಾಸ, ಕಳೆದ ಎರಡು ವರ್ಷಗಳಿಂದ ಅವಳಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ.

ಒಂದು ಜ್ವರ ಬಂದು ಹೋಗಿತ್ತು. ಹೋಗುವಾಗ ಮೂಗಿನ ಶಕ್ತಿಯನ್ನು ಒಯ್ದಿತ್ತು. ನಾಲಿಗೆಗೆ ಸಿಹಿ, ಹುಳಿ, ಕಹಿ ಇಷ್ಟು ಉಳಿದಿತ್ತು. ಅವಳ ಅಪ್ಪ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಒಣಗಿಸುವ ಗೂಡಿನಲ್ಲಿ ಕೆಲಸ ಮಾಡುತ್ತಿದ್ದ. ಹೂ ಹದವಾಯಿತೇ ಎಂದು ಹೇಳಲು ಒಂಬತ್ತು ವರ್ಷದ ಮಗಳನ್ನು ಕರೆಸುತ್ತಿದ್ದ. ಕಣಿವೆಯ ಜನಕ್ಕೆ ಅವಳ ಮೂಗು ಅಂದರೆ ಮೂಗು. ಅದು ಹೋಯಿತೆಂದು ಗೊತ್ತಿದ್ದದ್ದು ಡಾಕ್ಟರಿಗೆ ಮಾತ್ರ.

ಹಾಗಾಗಿ ಅವಳು ಒಂದು ಉಪಾಯ ಕಲಿತಿದ್ದಳು. ಬಂದವರ ಬಾಯಲ್ಲೇ ಹೇಳಿಸುವುದು.

“ನಿಮಗೆ ಏನು ವಾಸನೆ ಬರ್ತಿದೆ, ಹೇಳಿ.”

“ಬಿಯರ್ ವಾಸನೆ,” ಅಂದ ಕ್ಲೈವ್.

ಅವಳಿಗೆ ನಗು ತಡೆಯಲಾಗಲಿಲ್ಲ. ಇನ್ನೊಂದು ಸಲ ನೋಡಿ ಎಂದಳು. ಅವನು ಮೂಗನ್ನು ಗ್ಲಾಸಿನೊಳಗೆ ಇಳಿಸಿ ಬಹಳ ಹೊತ್ತು ಹಾಗೇ ನಿಂತ. ಆಮೇಲೆ ತಲೆಯೆತ್ತಿ, ಸ್ಕೂಲಿಗೆ ಹೋಗುವಾಗ ಊಟದ ಡಬ್ಬಿಯಲ್ಲಿ ಕಚ್ಚಿ ಬಿಟ್ಟ ಸೇಬಿನ ಥರ, ಹಸಿರು ಸೇಬು, ಎಂದ.

ಅಷ್ಟು ಸಾಕಾಗಿತ್ತು. ಅವಳು ತಿಳಿಸಿ ಹೇಳಿದಳು: ಬೆಚ್ಚಗೆ ಹುದುಗಿದೆ, ಪೂರ್ತಿ ಹುದುಗುವ ಮೊದಲೇ ಬಾಟಲಿ ಸೇರಿದೆ, ಬರೀ ಸಕ್ಕರೆ ಹಾಕಿದ್ದರಿಂದ ನೀರುನೀರಾಗಿದೆ. ಮುಂದಿನ ಸಲ ಸಕ್ಕರೆ ಬದಲು ಮಾಲ್ಟ್ ಪುಡಿ, ಡಬ್ಬಿಯ ಜೊತೆ ಬಂದ ಯೀಸ್ಟ್ ಬದಲು ಚಳಿಯಲ್ಲಿ ಕೆಲಸ ಮಾಡುವ ಲಾಗರ್ ಯೀಸ್ಟ್ ಎರಡು ಪೊಟ್ಟಣ. ಹಳೇ ಫ್ರಿಜ್ ಇದ್ದರೆ ಅದರೊಳಗೆ ಹನ್ನೆರಡು ಡಿಗ್ರಿಯಲ್ಲಿ ತೊಟ್ಟಿ ಇಡಬೇಕು. ಮುಟ್ಟುವ ಪಾತ್ರೆ, ಚಮಚ, ಕೊಳವೆ ಎಲ್ಲವನ್ನೂ ಕ್ರಿಮಿ ಕೊಲ್ಲುವ ಮದ್ದು ಹಾಕಿ ತೊಳೆಯಬೇಕು. ಮೂರು ವಾರ ಸುಮ್ಮನಿರಬೇಕು.

“ಮೂರು ವಾರ?”

“ಆಮೇಲೆ ಬಾಟಲೀಲಿ ಇನ್ನೆರಡು ತಿಂಗಳು. ತಿಳಿ ಲಾಗರ್ ಮಾಡೋದೇ ಎಲ್ಲಕ್ಕಿಂತ ಕಷ್ಟ. ಕಪ್ಪು ಬಿಯರಲ್ಲಾದ್ರೆ ತಪ್ಪು ಮುಚ್ಚಿಹೋಗುತ್ತೆ. ಇದರಲ್ಲಿ ಅವಿತುಕೊಳ್ಳೋಕೆ ಜಾಗನೇ ಇಲ್ಲ.”

ಹೇಳಿದ ಮೇಲೆ ಆ ಮಾತು ಅವಳಿಗೇ ಚುಚ್ಚಿತು.

ಮುಂದಿನ ಶನಿವಾರ ಅವನು ಜಾಮ್ ಬಾಟಲಿಯಲ್ಲಿ ಮಾದರಿ ತಂದ. ರೊವೀನಾ ಮೂಸಿ, ಗಂಭೀರವಾಗಿ ತಲೆಯಾಡಿಸಿ, ಸರಿಯಾಗಿ ಹೋಗುತ್ತಿದೆ ಎಂದು ಕಳಿಸಿದಳು. ಅದರ ಮುಂದಿನ ವಾರ ಬಂದವನು ಬೇರೆಯೇ ಮನುಷ್ಯನಂತೆ ಇದ್ದ. ಅವಳು ಕೇಳುವ ಮೊದಲೇ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳತೊಡಗಿದ.

“ಬೆಂಕಿಕಡ್ಡಿ ಗೀರಿ ಆರಿಸಿದ ಮೇಲೆ ಒಂದು ಕ್ಷಣ ಬರುತ್ತಲ್ಲ, ಅದು. ಅದರ ಹಿಂದೆ ಬ್ರೆಡ್ಡು. ಸುಟ್ಟ ಬ್ರೆಡ್ ಅಲ್ಲ, ಇನ್ನೂ ಹಿಟ್ಟಾಗಿರೋವಾಗ ಬಟ್ಟೆ ಮುಚ್ಚಿಟ್ಟಿರ್ತಾರಲ್ಲ, ಆ ಬಟ್ಟೆ ಎತ್ತಿದ ಹಾಗೆ.”

ರೊವೀನಾ ಕೌಂಟರಿನ ಅಂಚನ್ನು ಹಿಡಿದುಕೊಂಡಳು. ಎರಡು ವರ್ಷದಲ್ಲಿ ಮೊದಲ ಸಲ ಯಾರೋ ಬಟ್ಟೆ ಎತ್ತಿದ ಹಾಗಾಗಿತ್ತು. ಗಂಧಕದ ವಾಸನೆ ತಾನಾಗಿ ಹೋಗುತ್ತದೆ, ಹೆದರಬೇಡಿ ಎಂದಳು. ಅವಳ ದನಿ ಸ್ವಲ್ಪ ತೆಳುವಾಗಿತ್ತು.

ಮೂರನೇ ವಾರ ಅವನು ಸಿನಿಮಾ ಥಿಯೇಟರಿನ ಬಾಗಿಲು ತೆರೆದ ಹಾಗಿದೆ ಎಂದ. ಪಾಪ್‌ಕಾರ್ನಿನ ಬೆಣ್ಣೆ. ಅವಳು ತೊಟ್ಟಿಯನ್ನು ಮೂರು ದಿನ ಹದಿನೆಂಟು ಡಿಗ್ರಿಗೆ ಏರಿಸಲು ಹೇಳಿದಳು. ಯೀಸ್ಟು ತಾನು ಬಿಟ್ಟ ಬೆಣ್ಣೆಯನ್ನು ತಾನೇ ತಿಂದು ಮುಗಿಸುತ್ತದೆ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಂಬದ ತುದಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಹೊಳೆಯ ಮಂಜು ಯಾವ ವಾಸನೆ ತರುತ್ತದೆ, ನೀಲಗಿರಿ ತೊಗಟೆ ಒದ್ದೆಯಾದಾಗ ಏನಾಗುತ್ತದೆ ಎಂದು ಅವನು ಹೇಳುತ್ತಾ ಹೋದ. ಹೇಳುವಾಗ ಪದ ಸಿಗದೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. ತಂತಿ ಹಿಡಿದು ಹಿಡಿದು ಗಂಟು ಬಿದ್ದ ಆ ಬೆರಳುಗಳನ್ನು ತಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಾಗುವ ಹೊತ್ತಿಗೆ ಅವನಿಗೂ ಗೊತ್ತಾಗಿರುತ್ತಿತ್ತು.

ಶುಕ್ರವಾರ ಸಂಜೆ ಬಂತೆಂದರೆ ಅವಳು ನಾಳೆ ಯಾವ ಸ್ವೆಟರ್ ಹಾಕಲಿ ಎಂದು ಯೋಚಿಸುವಳು. ನಲವತ್ತೆರಡನೇ ವಯಸ್ಸಿನಲ್ಲಿ ಇದೇನು ಎಂದು ತನ್ನನ್ನೇ ಗದರಿಕೊಂಡು, ಆಮೇಲೆ ನೀಲಿಯದನ್ನೇ ತೆಗೆದಿಡುವಳು.

ಬಿಯರು ಬಾಟಲಿ ಸೇರಿದ ವಾರ ಅವಳಿಗೊಂದು ಫೋನ್ ಬಂತು. ಕಣಿವೆಯ ಕೃಷಿ ಪ್ರದರ್ಶನ ಅಕ್ಟೋಬರಿನಲ್ಲಿ. ಮನೆ ಬಿಯರಿನ ಸ್ಪರ್ಧೆಗೆ ಅವಳೇ ತೀರ್ಪುಗಾರ್ತಿಯಾಗಬೇಕೆಂದು ಕಾರ್ಯದರ್ಶಿ ಎನಿಡ್ ಓಕ್ಸ್ ಕೇಳಿದರು. ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಅವಳು ಹೂಂ ಅಂದುಬಿಟ್ಟಳು.

ಶನಿವಾರ ಕ್ಲೈವ್‌ಗೆ ಅದನ್ನು ಹೇಳಿದಾಗ, ಹಾಗಾದರೆ ನಾನೂ ಹೆಸರು ಕೊಡುತ್ತೇನೆ ಎಂದ.

“ಬೇಡ. ಜನ ಏನಂದ್ಕೊಳ್ತಾರೆ?”

“ಗ್ಲಾಸಿನ ಮೇಲೆ ಹೆಸರಿರಲ್ಲವಲ್ಲ.”

“ಹೆಸರು ಯಾಕೆ ಬೇಕು? ವಾಸನೇಲೇ ನಂಗೆ ಗೊತ್ತಾಗುತ್ತೆ, ಅದು ನಿಮ್ಮದು ಅಂತ.”

ಕ್ಲೈವ್ ತನ್ನ ಟೋಪಿಯನ್ನು ತೆಗೆದು ಕೌಂಟರಿನ ಮೇಲಿಟ್ಟು, ಅದರ ಅಂಚನ್ನು ಸರಿಮಾಡುತ್ತಾ ನಿಂತ.

“ಗೊತ್ತಾಗಲ್ಲ, ರೊವೀನಾ,” ಅಂದ ಮೆಲ್ಲಗೆ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಯಾರದೋ ಟ್ರಕ್ಕು ಗೇರು ಬದಲಿಸುತ್ತಾ ದಿಬ್ಬ ಹತ್ತುತ್ತಿತ್ತು. ಯಾವಾಗಿನಿಂದ ಗೊತ್ತು ಎಂದು ಅವಳು ಕೇಳಿದಳು. ಮೊದಲ ಜಾಮ್ ಬಾಟಲಿಯಿಂದ ಎಂದ. ಅದರ ಮುಚ್ಚಳ ಈರುಳ್ಳಿ ಉಪ್ಪಿನಕಾಯಿ ಬಾಟಲಿಯದ್ದಾಗಿತ್ತು. ಗಾಡಿಯಲ್ಲಿ ಕೂತ ಮೇಲೆ ಅವನ ಗಮನಕ್ಕೆ ಬಂದಿತ್ತು. ಕಣ್ಣಲ್ಲಿ ನೀರು ಬರುವಷ್ಟು ಘಾಟು. ಅವಳು ಅದನ್ನೇ ಮೂಸಿ, ಸರಿಯಾಗಿ ಹೋಗುತ್ತಿದೆ ಎಂದಿದ್ದಳು.

“ಅಂದ್ರೆ ಆಮೇಲೆ ಹೇಳಿದ್ದೆಲ್ಲ,” ಅಂದಳು ರೊವೀನಾ, “ಬ್ರೆಡ್ಡು, ಬಟ್ಟೆ, ಮಂಜು. ಅದೆಲ್ಲ ನನ್ನ ಮೇಲಿನ ಕನಿಕರ.”

“ಕನಿಕರ ಅಲ್ಲ.”

“ಮತ್ತೇನು?”

ಅವನು ಬಾಯಿ ತೆರೆದ. ಮೂರು ವಾರದಿಂದ ಎಲ್ಲಕ್ಕೂ ಪದ ಹುಡುಕಿ ತಂದವನಿಗೆ ಆಗ ಒಂದೂ ಸಿಗಲಿಲ್ಲ. ರೊವೀನಾ ಟೋಪಿಯನ್ನು ಅವನ ಕೈಗೆ ಕೊಟ್ಟು, ಹನ್ನೊಂದು ಗಂಟೆಗೇ ಅಂಗಡಿಯ ಬಾಗಿಲು ಹಾಕಿದಳು.

ಜೂನ್ ಕಳೆಯಿತು. ಜುಲೈಯ ಹಿಮ ಗುಡ್ಡಗಳ ಹೆಗಲವರೆಗೆ ಇಳಿದು ಕೂತಿತು. ಶನಿವಾರಗಳು ಬಂದವು, ಹೋದವು. ಮೊದಲು ಅವಳಿಗೆ ಬರೀ ಸಿಟ್ಟಿತ್ತು. ಸಿಟ್ಟು ತಿಳಿಯಾದ ಮೇಲೆ ಅಡಿಯಲ್ಲಿ ಕೂತದ್ದು ನಾಚಿಕೆ ಎಂದು ಕಂಡಿತು. ಅವನು ಅವಳ ಗುಟ್ಟನ್ನು ಇಡೀ ಊರಿಗೆ ಹೇಳಬಹುದಿತ್ತು. ಅದರ ಬದಲು ಕಂಬದ ಮೇಲೆ ಕೂತು ಮಂಜು ಮೂಸಿದ್ದ.

ಒಂದು ಮಂಗಳವಾರ ಅವಳು ಎನಿಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಅಲ್ಲ ಕಣೇ,” ಅಂದರು ಎನಿಡ್, “ಹೋದ ವರ್ಷ ಬ್ಯಾಂಡ್ ಸ್ಪರ್ಧೆಯ ಜಡ್ಜ್‌ಗೆ ಎರಡೂ ಕಿವಿ ಕೇಳ್ತಿರಲಿಲ್ಲ. ಅವನು ನಿನ್ನ ಥರ ಫೋನ್ ಕೂಡ ಮಾಡ್ಲಿಲ್ಲ.”

ತೀರ್ಪಿನ ಕೆಲಸ ಬೇರೆಯವರಿಗೆ ಹೋಯಿತು. ಸುದ್ದಿ ವಾರದೊಳಗೆ ಕಣಿವೆಯೆಲ್ಲ ಸುತ್ತಿತು. ಗಿರಾಕಿಗಳು ಕೈಬಿಡುತ್ತಾರೆಂದು ಅವಳು ಎರಡು ವರ್ಷ ಹೆದರಿದ್ದಳು. ಅವರು ಬಂದು, ಕೌಂಟರಿಗೆ ಒರಗಿ, ತಮ್ಮ ತಮ್ಮ ಬಿಯರಿನ ವಾಸನೆಯನ್ನು ಕೈಬಾಯಿ ಆಡಿಸಿ ವರ್ಣಿಸತೊಡಗಿದರು. ಎಲ್ಲರೂ ಚೆನ್ನಾಗಿಯೇ ಹೇಳಿದರು. ಯಾರು ಹೇಳಿದಾಗಲೂ ಅವಳು ಕೌಂಟರಿನ ಅಂಚು ಹಿಡಿಯಲಿಲ್ಲ.

ಆಗಸ್ಟಿನ ಕೊನೆಯ ಭಾನುವಾರ ಮಧ್ಯಾಹ್ನ ಅವಳು ಅವನ ಮನೆಗೆ ಹೋದಳು. ದಾರಿಯುದ್ದಕ್ಕೂ ವ್ಯಾಟಲ್ ಮರಗಳು ಹಳದಿ ಹೂ ಬಿಟ್ಟಿದ್ದವು. ಕ್ಲೈವ್ ಅಡುಗೆಮನೆಯ ಕಿಟಕಿಯಲ್ಲಿ ಅವಳನ್ನು ಕಂಡು, ಕೈಯ ತಟ್ಟೆಯನ್ನು ತೊಳೆಯುವುದೋ ಇಡುವುದೋ ತಿಳಿಯದೆ ಹಿಡಿದುಕೊಂಡೇ ಬಾಗಿಲು ತೆಗೆದ.

“ಎರಡು ತಿಂಗಳು ಕಳೀತು. ಬಿಯರ್ ಆಗಿರಬೇಕು,” ಅಂದಳು.

“ಈ ತಿಂಗಳ ಮೊದಲಲ್ಲೇ ಆಯ್ತು.”

“ಕುಡಿದ್ರಾ?”

“ಇಲ್ಲ.”

ಅವನು ಫ್ರಿಜ್ಜಿನಿಂದ ಒಂದು ಬಾಟಲಿ ತಂದು, ತಳದ ಗಸಿ ಏಳದ ಹಾಗೆ ಮೆಲ್ಲಗೆ ಎರಡು ಗ್ಲಾಸಿಗೆ ಬಗ್ಗಿಸಿದ. ಗ್ಲಾಸಿನ ಆಚೆಯಿದ್ದ ಗೋಡೆ ಗಡಿಯಾರದ ಅಂಕಿಗಳನ್ನು ಓದಬಹುದಿತ್ತು, ಅಷ್ಟು ತಿಳಿ. ಮೇಲೆ ಬಿಳಿ ನೊರೆ, ಒಳಗೆ ಅವಸರವಿಲ್ಲದೆ ಏಳುವ ಗುಳ್ಳೆ.

ಅವರು ಮೇಜಿಗೆ ಎದುರುಬದುರು ಕೂತರು. ಕ್ಲೈವ್ ಗ್ಲಾಸನ್ನು ಮೂಗಿಗೆ ತಂದ. ಒಣ ಹುಲ್ಲಿನ ಮೇಲೆ ಮಲಗಿ ಎದ್ದ ಹಾಗೆ ಎಂದ. ಚೂರು ಜೇನು ಇದೆ, ಆದರೆ ಪಕ್ಕದ ಮನೆಯಲ್ಲಿ ಯಾರೋ ಮುಚ್ಚಳ ತೆಗೆದಷ್ಟೇ. ಸೇಬು ಇಲ್ಲ, ಬೆಣ್ಣೆ ಇಲ್ಲ. ಆಮೇಲೆ ಅವಳ ಸರದಿ. ನಾಲಿಗೆಯ ತುದಿಗೆ ತೆಳ್ಳಗೆ ಸಿಹಿ ಬಂದು, ನಿಲ್ಲದೆ ಹೋಗುತ್ತದೆ ಎಂದಳು. ಹಿಂದಿನಿಂದ ಕಹಿ ಬರುತ್ತದೆ, ಜಗಳವಾಡುವ ಕಹಿಯಲ್ಲ, ಮಾತು ಮುಗಿಸುವ ಕಹಿ. ಗಂಟಲಿಗೆ ತಣ್ಣಗೆ, ಸ್ವಚ್ಛವಾಗಿದೆ. ಕಹಿಯ ವಿಷಯ ತನಗೆ ಹೊಳೆದೇ ಇರಲಿಲ್ಲವೆಂದು ಅವನು ಇನ್ನೊಂದು ಗುಟುಕು ಕುಡಿದು ನೋಡಿದ.

“ಅವತ್ತು ಕನಿಕರ ಅಂದೆ,” ಅಂದಳು ರೊವೀನಾ. “ಹಾಗನ್ನಬಾರದಿತ್ತು.”

“ಅವತ್ತು ನಂಗೆ ಹೇಳೋಕೆ ಬರಲಿಲ್ಲ.”

“ಈಗ ಬರುತ್ತಾ?”

ಕ್ಲೈವ್ ಗ್ಲಾಸನ್ನು ಕೆಳಗಿಟ್ಟ. “ವಾರವಿಡೀ ಏನೇ ಮೂಸಿದರೂ, ಇದನ್ನ ರೊವೀನಾಗೆ ಹೇಗೆ ಹೇಳ್ಲಿ ಅಂತ ಅನ್ಸೋದು. ನೀವು ಬಾಗಿಲು ಹಾಕಿದ ಮೇಲೂ ಅದು ನಿಲ್ಲಲಿಲ್ಲ. ಈಗ್ಲೂ ನಿಂತಿಲ್ಲ. ನಿಲ್ಲೋದೂ ಬೇಡ ಅಂತಿದೆ ನಂಗೆ.”

ಅವಳು ತಲೆ ತಗ್ಗಿಸಿ ಮೇಜಿನ ಮೇಲೆ ಗ್ಲಾಸು ಬಿಟ್ಟ ಒದ್ದೆ ಉಂಗುರವನ್ನು ಬೆರಳಿನಿಂದ ಒರೆಸಿದಳು. ಯಾರಿಗೂ ಹೇಳದ ಒಂದು ಮಾತು, ಡಾಕ್ಟರಿಗೂ ಹೇಳದ್ದು, ಗಂಟಲವರೆಗೆ ಬಂದಿತ್ತು.

“ಒಂದು ಕೇಳ್ತೀನಿ, ನಗಬಾರದು. ಎರಡು ವರ್ಷದಿಂದ ನನ್ನ ವಾಸನೆ ಏನು ಅಂತ ನಂಗೇ ಗೊತ್ತಿಲ್ಲ. ದಿನಾ ಎರಡು ಸಲ ಸ್ನಾನ ಮಾಡ್ತೀನಿ. ಯಾರಾದ್ರೂ ಹತ್ರ ಬಂದ್ರೆ ಹಿಂದೆ ಸರೀತೀನಿ. ನಾನು… ಹೇಗಿದ್ದೀನಿ?”

ಅವನು ನಗಲಿಲ್ಲ. ಎದ್ದು ಮೇಜನ್ನು ಸುತ್ತಿಕೊಂಡು ಬಂದ. ಅವಳ ಕುರ್ಚಿಯ ಪಕ್ಕ ಮಂಡಿಯೂರಿ, ಅವಳ ಕಿವಿಯ ಕೆಳಗೆ, ಸ್ವೆಟರಿನ ಕತ್ತಿನ ಹತ್ತಿರ ಮುಖ ತಂದು ಕಣ್ಣು ಮುಚ್ಚಿದ. ರೊವೀನಾ ಹಿಂದೆ ಸರಿಯಲಿಲ್ಲ. ಅವನ ಉಸಿರು ಒಳಗೆ ಹೋಗುವುದು, ನಿಲ್ಲುವುದು, ಹೊರಗೆ ಬರುವುದು ಅವಳ ಕತ್ತಿಗೆ ತಿಳಿಯುತ್ತಿತ್ತು.

“ಉಣ್ಣೆ,” ಅಂದ. “ಸೋಪು. ಕೂದಲಲ್ಲಿ ಮಾಲ್ಟ್ ಪುಡಿ, ಒಂದೆರಡು ಕಣ. ಆಮೇಲೆ ಇನ್ನೊಂದು ಇದೆ.”

“ಏನದು?”

“ಅದಕ್ಕೆ ಪದ ಗೊತ್ತಿಲ್ಲ. ಬೇರೆ ಎಲ್ಲೂ ಸಿಕ್ಕಿಲ್ಲ ಅದು ನಂಗೆ.”

“ಕೆಟ್ಟದ್ದಾ?”

“ಅಲ್ಲ,” ಅಂದ ಕ್ಲೈವ್. ಅವನ ದನಿ ಎಷ್ಟು ಹತ್ತಿರವಿತ್ತೆಂದರೆ ಅವಳು ಅದನ್ನು ಕೇಳಿದ್ದಕ್ಕಿಂತ ಮುಟ್ಟಿದ್ದೇ ಹೆಚ್ಚು. “ಕೆಟ್ಟದ್ದು ಅಲ್ವೇ ಅಲ್ಲ.”

ರೊವೀನಾ ಗಂಟು ಬಿದ್ದ ಆ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ಹಾಗಾದ್ರೆ ಇನ್ನೊಂದು ಸಲ ನೋಡು,” ಅಂದಳು. “ನಿಧಾನಕ್ಕೆ ನೋಡು. ನಂಗೇನೂ ಅವಸರ ಇಲ್ಲ.”