ಸೋಮವಾರ ಆಡಿದ ಮಂಗಳವಾರ

ನಡುಬೀದಿಯಲ್ಲಿ ಚೀಲ ಸುರಿಸಿಕೊಂಡವನು ಚೀಲವನ್ನು ಮತ್ತೆ ತುಂಬಿಕೊಳ್ಳಬಹುದು, ಬಿದ್ದ ಮಾನವನ್ನು ತುಂಬಿಕೊಳ್ಳಲಾಗುವುದಿಲ್ಲ. ಕದಿರೇಶನಿಗೆ ಇದು ತಿಳಿದದ್ದು ಹೋದ ವರ್ಷ, ಕೋಲಾರದ ಡೂಂಲೈಟ್ ಸರ್ಕಲ್ಲಿನ ಹತ್ತಿರ, ಶ್ರೀಧರನ ಅಂಗಡಿಯ ಮುಂದೆ. ಟೀವಿ, ಫೋನು, ಟೀವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಮಾರುವ ಅಂಗಡಿ ಅದು. ಆರು ವರ್ಷ ಅಲ್ಲಿ ದುಡಿದವನು ಕದಿರೇಶ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಗಿರಾಕಿಗಳ ಮನೆಮನೆಗೆ ಹೋಗಿ ಹೊಸ ಕನ್ಸೋಲ್ ಜೋಡಿಸಿ ಕೊಟ್ಟು ಬರುತ್ತಿದ್ದ ಕೈ ಅವನದು. ಒಂದು ದಿನ ಲೆಕ್ಕಕ್ಕೆ ಒಂದು ಕನ್ಸೋಲ್ ಪೆಟ್ಟಿಗೆ ಕಡಿಮೆ ಬಂತು. ಶ್ರೀಧರ ಅವನನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ ಚೀಲ ಸುರಿಸಿದ. ಊಟದ ಡಬ್ಬಿ, ಸ್ಕ್ರೂಡ್ರೈವರು, ತಾಯಿ ಕಟ್ಟಿಕೊಟ್ಟಿದ್ದ ವಿಭೂತಿಯ ಪೊಟ್ಟಣ ಎಲ್ಲ ದಾರಿಹೋಕರ ಕಾಲಿನ ಹತ್ತಿರ ಉರುಳಿದವು.

ಮೂರು ದಿನಕ್ಕೆ ಪೆಟ್ಟಿಗೆ ಗೋಡೌನಿನಲ್ಲಿ ಖಾಲಿ ರಟ್ಟುಗಳ ಹಿಂದೆ ಸಿಕ್ಕಿತು. ಶ್ರೀಧರ ಹಲ್ಲು ಬಿಟ್ಟು, "ಸರಿ ಬಿಡೋ, ಮರ್ತೋಗು. ಬಾ, ಟೀ ಕುಡಿ" ಅಂದ. ಅಷ್ಟೇ.

ಅಷ್ಟರಲ್ಲಿ ಸುದ್ದಿ ಊರು ಸೇರಿತ್ತು. ಕ್ಯಾಲನೂರಿನ ಪಕ್ಕದ ಬೇವಿನಕುಂಟೆ ಅವನ ಊರು. ಡೇರಿಯಲ್ಲಿ ಹಾಲಿನ ಸಾಲಿಗೆ ಅವನ ತಾಯಿ ಶಾಮಲಮ್ಮ ಬಂದು ನಿಂತರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಅವಳು ಹಾಲನ್ನು ಪಕ್ಕದ ಮನೆಯವರ ಕೈಲಿ ಕಳಿಸತೊಡಗಿದಳು. ಅವನಿಗೆ ಹೆಣ್ಣು ಕೊಡಲು ಒಪ್ಪಿದ್ದ ಶ್ರೀನಿವಾಸಪುರದ ಮೇಘನಳ ಮನೆಯವರು ನಿಶ್ಚಯದ ತಟ್ಟೆಯನ್ನು ಹಾಗೆಯೇ ಹಿಂದಕ್ಕೆ ಕಳಿಸಿದರು; ತಟ್ಟೆಯಲ್ಲಿದ್ದ ಕೊಬ್ಬರಿಬಟ್ಟಲು ಕೂಡ ಕದಲಿರಲಿಲ್ಲ. ಚೀಲ ಸುರಿಸಿದ್ದನ್ನು ಕದಿರೇಶ ಮರೆತರೂ ಮರೆಯುತ್ತಿದ್ದನೇನೋ. ಆ ಟೀಯನ್ನು ಮರೆಯಲಾಗಲಿಲ್ಲ.

ದ್ವೇಷವೆಂಬುದು ಕೆಂಡದಂಥದ್ದು. ಊದಿದರೆ ಬೆಳಕು ಕೊಡುತ್ತದೆ. ಆ ಬೆಳಕಿನಲ್ಲಿ ಮನುಷ್ಯನಿಗೆ ತಾನು ಬಹಳ ಜಾಣನೆಂದು ಕಾಣುತ್ತದೆ. ಕದಿರೇಶನಿಗೂ ಹಾಗೆಯೇ ಕಂಡಿತು.

ಶ್ರೀಧರನಿಗೊಂದು ಹರಕೆಯಿತ್ತು. ಪ್ರತಿ ಮಂಗಳವಾರ ಬೆಳಗ್ಗೆ ಅಂತರಗಂಗೆಗೆ ಹೋಗಿ, ಕಲ್ಲುಬಸವನ ಬಾಯಿಂದ ಬೀಳುವ ನೀರು ಕುಡಿದು, ದೇವಸ್ಥಾನದ ಹಿಂದಿನಿಂದ ಒಬ್ಬನೇ ಬೆಟ್ಟ ಹತ್ತುತ್ತಿದ್ದ. ಮೇಲೆ ಬಂಡೆಯೊಂದರ ತುದಿಯಲ್ಲಿ ಕುಳಿತು ಊರನ್ನು ನೋಡಿ ಇಳಿಯುತ್ತಿದ್ದ. ಬಂಡೆಯ ಕೆಳಗೆ ಎರಡು ತೆಂಗಿನಮರದಷ್ಟು ಆಳ. ಕಾಲು ಜಾರಿ ಬಿದ್ದ ಎನ್ನುವುದಕ್ಕೆ ಅಂಥ ಜಾಗ ಇನ್ನೊಂದಿರಲಿಲ್ಲ. ಆದರೂ ಪೊಲೀಸರು ಮೊದಲು ಕೇಳುವ ಹೆಸರು ತನ್ನದೇ ಎಂದು ಕದಿರೇಶನಿಗೆ ಗೊತ್ತಿತ್ತು. ಆ ಹೊತ್ತಿಗೆ ತಾನು ಬೇರೆಲ್ಲೋ ಇದ್ದೆನೆಂದು ಹೇಳುವ ಸಾಕ್ಷಿ ಬೇಕಿತ್ತು. ಮನುಷ್ಯಸಾಕ್ಷಿ ಬೇಡ, ಮನುಷ್ಯರು ತೊದಲುತ್ತಾರೆ.

ಈ ವರ್ಷ ಕನ್ಸೋಲಿನ ಹೊಸ ಮಾದರಿ ಬಿಡುಗಡೆಯಾಯಿತು. ಅದೇ ವಾರ ಅವನು ಬೆಂಗಳೂರಿಗೆ ಹೋಗಿ ಒಂದನ್ನು ಕೊಂಡು ತಂದ. ಯಾವ ಪೆಟ್ಟಿಗೆ ತನ್ನನ್ನು ಕಳ್ಳನೆನಿಸಿತೋ ಆ ಪೆಟ್ಟಿಗೆಯೇ ತನ್ನ ಪರ ನುಡಿಯಲಿ ಎಂಬುದು ಅವನ ಆಸೆ. ಶಾಮಲಮ್ಮ ಹೊಸ ಸಾಮಾನೆಂದು ಅದಕ್ಕೆ ಅರಿಶಿನ ಕುಂಕುಮ ಇಟ್ಟಳು.

ಬಿಡುಗಡೆಯ ದಿನಗಳಲ್ಲಿ ಕನ್ಸೋಲ್ ಎಂದರೆ ಎಳೆಗೂಸು, ಹೊತ್ತುಹೊತ್ತಿಗೆ ಹಸಿವು. ಮೊದಲು ಯಂತ್ರಕ್ಕೊಂದು ಅಪ್‌ಡೇಟ್, ಆಮೇಲೆ ಕೈಯಲ್ಲಿ ಹಿಡಿಯುವ ಕಂಟ್ರೋಲರಿಗೊಂದು, ಆಟಕ್ಕೆ ಇನ್ನೊಂದು, ಎರಡು ದಿನ ಬಿಟ್ಟು ಮೊದಲಿನ ತಪ್ಪು ತಿದ್ದಲು ಮತ್ತೊಂದು. ಎರಡನೆಯದು ಇಳಿಯುವಾಗ ಕರೆಂಟು ಹೋಗಿ ಯಂತ್ರ ಕಪ್ಪು ಪರದೆಯ ಮೇಲೆ ನಿಂತುಬಿಟ್ಟಿತು. ಕದಿರೇಶ ಹಲ್ಲು ಕಚ್ಚಿ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿದ. ಎಷ್ಟು ಗಿರಾಕಿಗಳಿಗೆ ಅವನೇ ಹೇಳಿರಲಿಲ್ಲ, "ಸಾರ್, ಒಂದು ಯುಪಿಎಸ್ ಇಡಿ. ಕರೆಂಟಿಲ್ಲದ ಕನ್ಸೋಲು ಇಟ್ಟಿಗೆಗೆ ಸಮ" ಎಂದು! ತನ್ನ ಮನೆಗೆ ಮಾತ್ರ ತರಲಿಲ್ಲ.

ಎಲ್ಲ ಅಪ್‌ಡೇಟುಗಳನ್ನೂ ಉಣಿಸಿ ಮುಗಿಸಿದ ಮೇಲೆ ಇಂಟರ್ನೆಟ್ಟಿನ ನಂಟು ಕಡಿದ. ಈಗ ಯಂತ್ರಕ್ಕೆ ಲೋಕದ ಗಡಿಯಾರ ಕಾಣಿಸದು. ಅವನು ಕೈಯಿಂದ ಇಟ್ಟದ್ದೇ ದಿನ, ಇಟ್ಟದ್ದೇ ಗಂಟೆ. ಸೋಮವಾರ ಕೂತು ಅದರೊಳಗೆ ಮಂಗಳವಾರವೆಂದು ಬರೆದು ಆಡಿದರೆ, ಆಟದಲ್ಲಿ ಗೆದ್ದ ಒಂದೊಂದು ಪದಕದ ಮೇಲೂ ಮಂಗಳವಾರದ ಮುದ್ರೆ ಬೀಳುತ್ತದೆ. ಕೆಲಸ ಮುಗಿಸಿ ಬಂದು ಗಡಿಯಾರ ಸರಿಮಾಡಿ ನಂಟು ಕೊಟ್ಟರೆ ಆ ಪದಕಗಳು ಕಂಪನಿಯ ಪುಸ್ತಕಕ್ಕೂ ಏರುತ್ತವೆ. ನಂಟು ಏಕೆ ಕಡಿದಿದ್ದೆ ಎಂದರೆ ಉತ್ತರ ಸಿದ್ಧವಿತ್ತು: ಹೊಸ ಯಂತ್ರ ಸಾರ್, ಗಳಿಗೆಗೊಂದು ಅಪ್‌ಡೇಟ್ ಅಂತ ಪ್ರಾಣ ತಿನ್ನುತ್ತೆ.

ಯಾವ ಮಂಗಳವಾರ ಎಂಬುದನ್ನು ಊರೇ ಗೊತ್ತುಮಾಡಿಕೊಟ್ಟಿತು. ಸಂಕ್ರಾಂತಿಯ ಹೊತ್ತಿಗೆ ಅರಳಿಕಟ್ಟೆಯ ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ಕಿಡಿ ಹಾರಿ ಮೂರು ಹುಲ್ಲಿನ ಬಣವೆ ಸುಟ್ಟಿದ್ದವು. ಒಂಬತ್ತು ವರ್ಷದಿಂದ ಹೊರಬೀಡು ಮಾಡಿಲ್ಲ, ಚೌಡಮ್ಮ ಮುನಿದಿದ್ದಾಳೆ ಎಂದು ದೇವಿಯ ಪೂಜೆಗೆ ನಿಂತಿದ್ದ ಹಿರಿಯ ಕೋದಂಡರಾಮಪ್ಪ ಹೇಳಿದ. ಹೊರಬೀಡೆಂದರೆ ಹಸುಗೂಸಿನಿಂದ ಹಣ್ಣುಮುದುಕರವರೆಗೆ, ದನಕರು ಕೋಳಿ ಸಮೇತ, ಇಡೀ ಊರು ಹೊತ್ತು ಹುಟ್ಟುವ ಮೊದಲೇ ಮನೆ ಬಿಡಬೇಕು. ಊರಬಾಗಿಲಿಗೆ ಮುಳ್ಳು ಎಳೆದು, ಹುಣಸೆತೋಪಿನಲ್ಲಿ ಒಲೆ ಹೂಡಿ ಉಂಡು, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಬೇಕು. ಅಷ್ಟು ಹೊತ್ತು ಖಾಲಿ ಊರಿನಲ್ಲಿ ದೇವಿ ಒಬ್ಬಳೇ ಓಡಾಡುತ್ತಾಳೆ. ಹೋದ ಸಲದ ಹೊರಬೀಡಿಗೆ ಕದಿರೇಶ ಹಾಸ್ಟೆಲಿನಲ್ಲಿದ್ದ; ಕೇಳಿ ಬಲ್ಲನೇ ಹೊರತು ಕಂಡವನಲ್ಲ.

ತೋಪಿನಲ್ಲಿ ತಲೆಗೊಂದು ಹಿಡಿ ರಾಗಿಹಿಟ್ಟು ಅಳೆಯುತ್ತಾರೆ. ಬಾರದವನು ಯಾರೆಂದು ತಿಳಿದೇ ತಿಳಿಯುತ್ತದೆ. ತಿಳಿಯಲಿ. ಊರವರ ಕಣ್ಣು ತಪ್ಪಿಸಿ ಮನೆಯೊಳಗೇ ಕೂತು ಆಟ ಆಡಿದೆ ಎಂದು ತಾನೇ ಒಪ್ಪಿಕೊಳ್ಳುವುದು. ತಪ್ಪಿಗೆ ದಂಡ ಹನ್ನೊಂದು ಕೊಡ ನೀರು, ಒಂದು ತೆಂಗಿನಕಾಯಿ. ಚಿಕ್ಕ ತಪ್ಪನ್ನು ತಲೆತಗ್ಗಿಸಿ ಒಪ್ಪಿಕೊಂಡವನ ಮೇಲೆ ದೊಡ್ಡ ತಪ್ಪನ್ನು ಯಾರು ಹೊರಿಸುತ್ತಾರೆ? ಅವನು ಮನೆಯಲ್ಲಿದ್ದುದನ್ನು ಕಂಡವರಿಲ್ಲ ನಿಜ. ಇರಲಿಲ್ಲವೆನ್ನಲು ಕೂಡ ಖಾಲಿ ಊರಿನಲ್ಲಿ ಒಂದು ನರಪಿಳ್ಳೆಯೂ ಇರದು.

ಸೋಮವಾರ ಬೆಳಗ್ಗೆ ಬಾಗಿಲು ಹಾಕಿ ಹೆಡ್‌ಫೋನ್ ಏರಿಸಿ ಕೂತ. ಯಂತ್ರದೊಳಗೆ ಮಂಗಳವಾರ ಎಂಟು ಹತ್ತು. ಬಿಲ್ಲುಗಾರನೊಬ್ಬ ಕಾಡು ಅಲೆಯುವ ಆಟ. ಮೊದಲ ಪದಕ ಎಂಟು ಮೂವತ್ತೊಂದಕ್ಕೆ ಬಂತು. ಆಗ ಬೀದಿಯಲ್ಲಿ ತಮಟೆ ಕೇಳಿ ಒಂದು ಕಿವಿಯನ್ನು ಬಿಡಿಸಿಕೊಂಡ. ಗಂಟಲು ಬಿದ್ದ ಸಾರುವವನ ಕೂಗು: "ಕೇಳ್ರಪ್ಪೋ ಕೇಳಿ! ನಾಳೆ ಹೊರಬೀಡು! ಊರೊಳ್ಗೆ ಒಲೆ ಹಚ್ಚಂಗಿಲ್ಲ! ದೀಪ ಮುಡಿಸಂಗಿಲ್ಲ! ಒನಕೆ ಮುಟ್ಟಂಗಿಲ್ಲ..." ಗೊತ್ತಿದ್ದದ್ದೇ. ಕದಿರೇಶ ಹೆಡ್‌ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡ. ತಮಟೆ ಇನ್ನೂ ಏನನ್ನೋ ಸಾರುತ್ತ ಕೆಳಗಿನ ಬೀದಿಗೆ ಇಳಿಯಿತು. ಎಂಟು ಐವತ್ತೆರಡು, ಒಂಬತ್ತು ಹದಿನಾಲ್ಕು, ಒಂಬತ್ತೂ ಮುಕ್ಕಾಲು. ಹತ್ತು ಐವತ್ತಕ್ಕೆ ಏಳು ಪದಕ ಗೆದ್ದು, ಯಂತ್ರವನ್ನು ಆರಿಸಿದ.

ಮಂಗಳವಾರ ನಸುಕಿನಲ್ಲಿ ಶಾಮಲಮ್ಮ ಹಸುವಿನ ಹಗ್ಗ ಬಿಚ್ಚುತ್ತ ಕೇಳಿದಳು: "ಏಮಿರಾ ನಾಯನಾ, ಬರಲ್ವಾ?"

"ನೀನ್ ನಡಿಯಮ್ಮ. ಹಿಂದೇನೇ ಬರ್ತೀನಿ."

"ಕರುನ ನೀನೇ ಹಿಡ್ಕೊಂಡ್ ಬಾ ಮತ್ತೆ. ಹೊತ್ತುಟ್ಟಿದ್ ಮ್ಯಾಲೆ ಊರಾಗ್ ಇರ್ಬಾರ್ದು. ಅಮ್ಮ ಎದುರಾಗ್ತಾಳೆ."

ಕರುವನ್ನು ಹಿತ್ತಲಿನಿಂದ ಅವಳ ಹಿಂದೆಯೇ ಅಟ್ಟಿದ. ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟ. ಅದು ಮನೆಯಲ್ಲಿದ್ದರೆ ತಾನೂ ಮನೆಯಲ್ಲಿದ್ದಂತೆ. ಕ್ಯಾಮೆರಾಗಳಿರುವ ರಸ್ತೆ ಬಿಟ್ಟು ಹಿಪ್ಪುನೇರಳೆ ತೋಟಗಳ ನಡುವಿನ ಬಂಡಿದಾರಿಯಲ್ಲಿ ಸೈಕಲ್ ತುಳಿದ.

ಬೆಟ್ಟದ ಮೇಲೆ ಗಾಳಿ ತಣ್ಣಗಿತ್ತು. ಎಂಟೂವರೆ ದಾಟಿದ ಮೇಲೆ ಶ್ರೀಧರ ಬಂದ, ಹಣೆಯಲ್ಲಿ ಒದ್ದೆ ವಿಭೂತಿ. ಬಂಡೆಯ ತುದಿಯಲ್ಲಿ ನಿಂತು ಕೆಳಗಿನ ಊರನ್ನು ನೋಡಿ ಕೈಮುಗಿದ. ಬೆನ್ನ ಹಿಂದೆ ಕಲ್ಲು ಸದ್ದಾಗಿ ತಿರುಗಿದವನ ಮುಖದಲ್ಲಿ ಭಯವಿರಲಿಲ್ಲ.

"ಲೇ ಕದಿರೇಶ! ನೀನೇನೋ ಇಲ್ಲಿ? ನಾನೇ ನಿಮ್ಮೂರ್ಗೆ ಬರ್ಬೇಕೂಂತಿದ್ದೆ ಕಣೋ, ನಿಮ್ಮಮ್ಮನ್ ಹತ್ರ ಒಂದ್ ಮಾತು..."

ಆ ಮಾತು ಏನೆಂದು ಕದಿರೇಶ ಕೇಳಿಸಿಕೊಳ್ಳಲಿಲ್ಲ. ಎರಡು ಅಂಗೈಗಳನ್ನು ಅವನ ಎದೆಗೆ ಇಟ್ಟು ತಳ್ಳಿದ. ಕೂಗು ಬರಲಿಲ್ಲ, ಕೆಳಗೆ ಒಣಗಿದ ಗಿಡಗಳು ಮುರಿದ ಸದ್ದು, ಆಮೇಲೆ ಒಂದು ಭಾರದ ಸದ್ದು, ಆಮೇಲೆ ಬಸವನ ಬಾಯಿಯ ನೀರು ಬೀಳುವುದು ಕೂಡ ಕೇಳಿದಂತಾಗುವಷ್ಟು ಮೌನ. ಅಂಗೈಗೆ ಅಂಟಿದ್ದ ಅಂಗಿಯ ಬೆವರನ್ನು ಬಂಡೆಗೆ ಒರೆಸಿಕೊಂಡ. ದೇವರ ಸನ್ನಿಧಿ ಅಲ್ಲೇ ಕೆಳಗಿತ್ತು. ಅವನು ಅತ್ತ ನೋಡಲಿಲ್ಲ.

ಹಗಲಲ್ಲಿ ಊರು ಹೊಕ್ಕರೆ ತೋಪಿನವರ ಕಣ್ಣಿಗೆ ಬಿದ್ದೇನೆಂದು, ಊರ ಹೊರಗಿನ ಹಿಪ್ಪುನೇರಳೆ ತೋಟದಲ್ಲಿ ಸಂಜೆಯವರೆಗೆ ಕೂತ. ಹೊತ್ತು ಮುಳುಗಿ ತಮಟೆಯೊಂದಿಗೆ ಜನ ಊರಿಗೆ ಹಿಂದಿರುಗಿದರು. ಸ್ವಲ್ಪ ಹೊತ್ತಿಗೆ ಊರಿನ ದೀಪಗಳೆಲ್ಲ ಒಟ್ಟಿಗೇ ಝಗ್ಗನೆ ಹತ್ತಿಕೊಂಡವು. ಕದಿರೇಶನಿಗೆ ಅದು ಶುಭಶಕುನವೆನ್ನಿಸಿತು. ಹಿತ್ತಲಿನಿಂದ ಒಳಗೆ ಹೋದ. ಫೋನಿನಲ್ಲಿ ಚಾರ್ಜು ಅರ್ಧವೂ ಇರಲಿಲ್ಲ, ಪಿನ್ನು ಸಡಿಲವಿತ್ತೆಂದುಕೊಂಡ. ಯಂತ್ರದ ಗಡಿಯಾರ ಸರಿಪಡಿಸಿ ನಂಟು ಕೊಟ್ಟ. ಅದು ಹಸಿದಿದ್ದಂತೆ ಹೊಸದೊಂದು ಅಪ್‌ಡೇಟನ್ನು ನುಂಗತೊಡಗಿತು, ಪದಕಗಳು ಒಂದೊಂದಾಗಿ ಮೇಲೇರಿದವು.

ಶಾಮಲಮ್ಮ ದೀಪ ಹಚ್ಚಿ ಒಳಗೆ ಬಂದಳು. "ಎಲ್ಲೋಗಿದ್ದೆ? ಕೋದಂಡರಾಮಪ್ಪ ಎರಡ್ ಸಲ ತಲೆ ಎಣಿಸ್ದ."

"ಎಲ್ಲೂ ಇಲ್ಲಮ್ಮ. ಮನೇಲೇ ಇದ್ದೆ. ಬೆಳಿಗ್ಗೆಯಿಂದ ಇದನ್ನೇ ಆಡ್ತಾ ಇದ್ದೆ."

ಅವಳು ಅವನನ್ನು ನೋಡಿದಳು. ಅರಿಶಿನ ಹಚ್ಚಿದ ಆ ಪೆಟ್ಟಿಗೆಯನ್ನು ನೋಡಿದಳು. ಅಡುಗೆಮನೆಗೆ ಹೋದಳು. ಆ ರಾತ್ರಿ ಅವಳು ಉಣ್ಣಲಿಲ್ಲ. ಹೊರಬೀಡು ಮುರಿದ ಸಿಟ್ಟು ಎಂದುಕೊಂಡು ಕದಿರೇಶ ಎರಡು ಮುದ್ದೆ ಉಂಡ.

ಗುರುವಾರ ಹೆಡ್ ಕಾನ್‌ಸ್ಟೇಬಲ್ ಗಂಗುಲಪ್ಪ ಬಂದ. ಮುಳಬಾಗಿಲು ಕಡೆಯವನು, ಮಾತಿನಲ್ಲಿ ಅರ್ಧ ತೆಲುಗು. ಶ್ರೀಧರನ ಹೆಂಡತಿ ದಿವ್ಯ ಕದಿರೇಶನ ಹೆಸರು ಹೇಳಿದ್ದಳು. ಬಂಡೆಯ ಕೆಳಗೆ ಸಿಕ್ಕ ಶ್ರೀಧರನ ಹೆಣದ ಕೈಗಡಿಯಾರ ಒಡೆದು, ಮಂಗಳವಾರ ಬೆಳಗ್ಗೆ ಎಂಟು ಐವತ್ತೈದಕ್ಕೆ ನಿಂತಿತ್ತು.

ಕದಿರೇಶ ನಾಚಿಕೆಪಡುತ್ತ ತಪ್ಪೊಪ್ಪಿಕೊಂಡು ಟೀವಿ ಹಾಕಿದ. ಪದಕಗಳ ಪಟ್ಟಿ ಬಂತು. ಗಂಗುಲಪ್ಪ ಕನ್ನಡಕ ಏರಿಸಿ ಬೆರಳಿಟ್ಟು ಓದಿದ. "ಮಂಗಳವಾರ, ಎಂಟು ಐವತ್ತೆರಡು... ಒಂಬತ್ತು ಹದಿನಾಕು... ಅಬ್ಬಬ್ಬಾ! ಊರೆಲ್ಲ ದೇವ್ರು ಅಂದ್ರೆ ನೀನು ಬಾಣ ಬಿಡ್ಕಂಡು ಕೂತಿದ್ಯಾ? ಈ ವಯಸ್ಸಲ್ಲಿ ಇದೇಂ ಆಟಪ್ಪಾ!"

"ತಪ್ಪಾಯ್ತು ಸಾರ್. ದಂಡ ಕಟ್ತೀನಿ."

ಗಂಗುಲಪ್ಪ ನಕ್ಕು ಪಟ್ಟಿಯನ್ನು ಪುಸ್ತಕಕ್ಕೆ ಇಳಿಸಿಕೊಂಡ, ಪೆನ್ನಿಗೆ ಮುಚ್ಚಳ ಹಾಕಿದ. ಬಾಗಿಲಲ್ಲಿ ಕೋದಂಡರಾಮಪ್ಪ ಕೋಲೂರಿ ನಿಂತಿದ್ದ. "ಕೇಳ್ದ್ಯಾ ಹಿರೀಕ? ನಿಮ್ ಹುಡ್ಗ ಹೊರಬೀಡಿನ್ ದಿನ ಮನೇಲೇ ಟೀವಿ ಹಾಕ್ಕಂಡು ಆಡ್ತಾ ಇದ್ನಂತೆ. ಇದೊಂದ್ ತಪ್ಪು ನಿಮ್ದು, ನೀವೇ ನೋಡ್ಕಳ್ಳಿ."

"ಟೀವಿನಾ?" ಮುದುಕ ಕೋಲಿನ ಮೇಲೆ ಎರಡೂ ಕೈ ಇಟ್ಟ. ಕದಿರೇಶನನ್ನು ನೋಡಲಿಲ್ಲ, ಒಳಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತ ಶಾಮಲಮ್ಮನನ್ನು ನೋಡಿ ಮೆಲ್ಲಗೆ ಹೇಳಿದ: "ಅದ್ ಹೆಂಗಪ್ಪಾ ಆಯ್ತದೆ? ಬಣವೆ ಸುಟ್ಟಿದ್ದು ಕರೆಂಟು. ಅದೂ ಬೆಂಕೀನೇ ಅಂತ ಈ ಸಲ ಅಮ್ಮಂಗೆ ಅದ್ನೂ ಒಪ್ಪಿಸಿದ್ವಲ್ಲ. ಸೋಮವಾರ ತಮಟೆ ಹೊಡ್ಸಿ ಮನೆಮನೆಗೂ ಸಾರ್ಸಿದ್ವಿ. ಹೊತ್ತುಟ್ಟೋಕ್ ಮುಂಚೆ ಲೈನ್‌ಮನ್ ವೆಂಕಟ್ ಟ್ರಾನ್ಸ್‌ಫಾರ್ಮರಿನ ಮೂರೂ ಫ್ಯೂಸು ಕಿತ್ತು ನನ್ ಕೈಗೆ ಕೊಟ್ಟ. ಅರಿಶಿನದ ಬಟ್ಟೇಲಿ ಸುತ್ತಿ, ತೋಪಿನಾಗೆ ಅಮ್ಮನ ಪಾದದತ್ರ ಮೊರದಲ್ಲಿ ಇಟ್ಟಿದ್ವಿ. ದೀಪ ಹಚ್ಚೋ ಹೊತ್ಗೆ ತಿರ್ಗಾ ಹಾಕಿದ್ದು. ಆಗ್ಲೇ ಅಲ್ವೇನಮ್ಮಾ ಶಾಮಲಮ್ಮ, ಊರಿಗೆ ಬೆಳಕು ಬಂದಿದ್ದು?" ಗಂಗುಲಪ್ಪ ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದ.